ಗ್ರಂಥಿಗೆ ಅಂಗಡಿಯಲ್ಲಿ ಕೂಗುವ ಡಬ್ಬಿ: ಒಂದು ವರ್ಷ ಬಳಸಿದ ಮೇಲೆ

ಮೈಸೂರಿನ ನಂಜುಮಳಿಗೆ ಹತ್ತಿರ ಒಂದು ಅಡ್ಡರಸ್ತೆಯಲ್ಲಿ ನಮ್ಮದು ಗ್ರಂಥಿಗೆ ಅಂಗಡಿ. ಹತ್ತಡಿ ಅಗಲ, ಹದಿನಾಲ್ಕಡಿ ಉದ್ದ. ಊದುಬತ್ತಿ, ಕರ್ಪೂರ, ಗೆಜ್ಜೆವಸ್ತ್ರ, ಹೂಬತ್ತಿಯಿಂದ ಹಿಡಿದು ಎಳೆಮಕ್ಕಳಿಗೆ ತೇಯ್ದು ನೆಕ್ಕಿಸುವ ಬಜೆ, ಜಾಯಿಕಾಯಿ, ಅಳಲೆಕಾಯಿವರೆಗೆ ಎಲ್ಲಾ ಇಟ್ಟಿದ್ದೇನೆ. ಮುಂದುಗಡೆ ಒಂದು ಬುಟ್ಟಿ ಹೂವು, ವೀಳ್ಯದೆಲೆ, ತೆಂಗಿನಕಾಯಿ. ಮಾವನವರು ಶುರು ಮಾಡಿದ ಅಂಗಡಿ, ಈಗ ಹನ್ನೆರಡು ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ.

ನಮ್ಮಲ್ಲಿ ವ್ಯಾಪಾರ ಅಂದರೆ ಹತ್ತು, ಇಪ್ಪತ್ತು, ನಲವತ್ತು ರೂಪಾಯಿಯದು. ನೂರು ದಾಟಿದರೆ ಯಾರ ಮನೆಯಲ್ಲೋ ಸತ್ಯನಾರಾಯಣ ಪೂಜೆ ಇದೆ ಅಂತ ಅರ್ಥ. ಯುಪಿಐ ಪೇಮೆಂಟ್ ಬಂದಾಗ ಕೂಗಿ ಹೇಳುವ ಡಬ್ಬಿ ಇಂಥ ಅಂಗಡಿಗೆ ಬೇಕಾ ಅನ್ನೋದು ಪ್ರಶ್ನೆ. ಕಂಪನಿ ಹೆಸರು ಹೇಳಲ್ಲ. ಅಕ್ಕಪಕ್ಕದ ಅಂಗಡಿಗಳಲ್ಲಿ ಬೇರೆ ಬೇರೆ ಕಂಪನಿಯ ಡಬ್ಬಿಗಳಿವೆ. ಬಣ್ಣ ಬೇರೆ, ಗೋಳು ಒಂದೇ.

ನಾನು ಇದನ್ನು ಹಾಕಿಸಿಕೊಂಡದ್ದು 2024ರ ದೀಪಾವಳಿ ಕಳೆದ ವಾರ. ಹಬ್ಬದ ಹಿಂದಿನ ಸಂಜೆ ನೀಟಾಗಿ ಇಸ್ತ್ರಿ ಮಾಡಿದ ಶರ್ಟಿನ ಹುಡುಗನೊಬ್ಬ ಬಂದು ಹಣತೆ, ಎಣ್ಣೆ, ಬತ್ತಿ, ಧೂಪ ಅಂತ 640 ರೂಪಾಯಿ ಸಾಮಾನು ಕಟ್ಟಿಸಿಕೊಂಡ. ಫೋನು ತೋರಿಸಿದ. ಹಸಿರು ಟಿಕ್ ಇತ್ತು, ನನ್ನ ಹೆಸರೂ ಇತ್ತು. ದುಡ್ಡು ಮಾತ್ರ ಇವತ್ತಿನವರೆಗೂ ಬಂದಿಲ್ಲ. ಥೇಟ್ ನಿಜವಾದ ಆಪ್ ಥರಾನೇ ಕಾಣುವ ನಕಲಿ ಆಪ್‌ಗಳಿವೆ, ಬೇಕಾದ ಹೆಸರು, ಮೊತ್ತ ಹಾಕಿದರೆ ಟಿಕ್ ಬರುತ್ತದೆ ಅಂತ ಆಮೇಲೆ ಗೊತ್ತಾಯಿತು.

ಅಂದಿನಿಂದ ಎಲ್ಲರ ಫೋನನ್ನೂ ಕೈಗೆ ಈಸಿಕೊಂಡು ನೋಡೋಕೆ ಶುರು ಮಾಡಿದೆ. ಅದು ಇನ್ನೂ ಕಷ್ಟ. ಮಾವನವರ ಕಾಲದಿಂದ ಬರುವ ಪುರೋಹಿತರು, ಮಗಳ ಟೀಚರು, ಎದುರು ಮನೆಯವರು. ಇಂಥವರಿಗೆ "ಎಲ್ಲಿ, ತೋರಿಸಿ" ಅನ್ನೋಕೆ ಬಾಯಿ ಬರುತ್ತಾ? ಒಬ್ಬರು ಮುಖ ಸಪ್ಪಗೆ ಮಾಡಿಕೊಂಡು ಹೋದರು. ಅವರು ಮತ್ತೆ ಬರಲು ಎರಡು ತಿಂಗಳು ಬೇಕಾಯಿತು.

ಡಬ್ಬಿಯ ನಿಜವಾದ ಲಾಭ ಇಲ್ಲಿದೆ. ಅದು ನನ್ನ ಪರವಾಗಿ ಅನುಮಾನ ಪಡುತ್ತದೆ. "ನಲವತ್ತು ರೂಪಾಯಿಗಳನ್ನು ಸ್ವೀಕರಿಸಲಾಗಿದೆ" ಅಂದರೆ ಮುಗಿಯಿತು, ನಾನು ತಲೆ ಎತ್ತಿ ನೋಡುವುದೂ ಬೇಡ. ಕೂಗದಿದ್ದರೆ ಗಿರಾಕಿಯೇ "ಇನ್ನೂ ಬರ್ಲಿಲ್ವಾ?" ಅಂತ ನಿಲ್ಲುತ್ತಾರೆ. ಕೇಳುವ ಮುಜುಗರ ನನಗಿಲ್ಲ, ಕೇಳಿಸಿಕೊಳ್ಳುವ ಅವಮಾನ ಅವರಿಗಿಲ್ಲ.

ಅದರ ಕನ್ನಡದ ಬಗ್ಗೆ ಒಂದು ಮಾತು. ಹಾಕಿಸಿದ ದಿನ ಅದು ಹಿಂದಿಯಲ್ಲಿ ಮಾತಾಡುತ್ತಿತ್ತು. ಕನ್ನಡಕ್ಕೆ ಬದಲಾಯಿಸಪ್ಪ ಅಂದರೆ ಡಬ್ಬಿ ಹಾಕಲು ಬಂದ ಕಂಪನಿ ಹುಡುಗ ಹತ್ತು ನಿಮಿಷ ಆಪಲ್ಲಿ ಹುಡುಕಿದ. ಬದಲಾದ ಮೇಲೆ ಬಂದ ಕನ್ನಡ ಯಾವುದೋ ಸರ್ಕಾರಿ ಕಚೇರಿಯದು. ಮೈಸೂರಲ್ಲಿ ಯಾರು "ಸ್ವೀಕರಿಸಲಾಗಿದೆ" ಅಂತಾರೆ ಹೇಳಿ? "ನಲವತ್ತು ರೂಪಾಯಿ ಬಂತು" ಅಂದಿದ್ದರೆ ಸಾಕಿತ್ತು, ಅರ್ಧ ಸಮಯವೂ ಉಳಿಯುತ್ತಿತ್ತು. ನಮ್ಮ ಅತ್ತೆಗೆ ಮಾತ್ರ ಅದು ಭಾರೀ ಇಷ್ಟ. ಮಧ್ಯಾಹ್ನ ಅವರು ಗಲ್ಲಾಪೆಟ್ಟಿಗೆ ಮುಂದೆ ಕೂತಾಗ ಡಬ್ಬಿ ಕೂಗಿದರೆ "ಆಯ್ತಮ್ಮ, ಸಂತೋಷ" ಅಂತ ಉತ್ತರ ಕೊಡುತ್ತಾರೆ. ಬೀದಿ ಕೊನೆಯ ಬೇಕರಿಯವರ ಡಬ್ಬಿ ಸುದೀಪ್ ದನಿಯಲ್ಲಿ ಮಾತಾಡುತ್ತದೆ. ನಮಗೂ ರಾಜ್‌ಕುಮಾರ್ ದನಿ ಸಿಗುತ್ತೇನೋ ವಿಚಾರಿಸು ಅಂತ ಅತ್ತೆ ಹಟ ಹಿಡಿದಿದ್ದರು.

ಚಿಲ್ಲರೆ ಕಾಟವೂ ತಪ್ಪಿದೆ. ಮೂರು ರೂಪಾಯಿಗೆ ಚಾಕೊಲೇಟ್ ಕೊಟ್ಟು ಬೈಸಿಕೊಳ್ಳುವುದು ನಿಂತಿತು.

ಇನ್ನು ದೂರು. ಮೊದಲನೆಯದು, ಇದು ಯಾವಾಗ ಬೇಕೋ ಆವಾಗಲೇ ಬಾಯಿ ಮುಚ್ಚುತ್ತದೆ. ಒಳಗೊಂದು ಸಿಮ್ ಇದೆ. ದುಡ್ಡು ಬ್ಯಾಂಕಿಗೆ ಸೇರಿದ ಮೇಲೆ ಕಂಪನಿಯ ಕಡೆಯಿಂದ ಮೊಬೈಲ್ ನೆಟ್‌ವರ್ಕ್ ಮೂಲಕ ಡಬ್ಬಿಗೆ ಸುದ್ದಿ ಬರುತ್ತದೆ, ಅದು ಕೂಗುತ್ತದೆ. ದುಡ್ಡು ಡಬ್ಬಿಯೊಳಗಿಂದ ಹಾದು ಹೋಗುವುದೇ ಇಲ್ಲ. ಹಾಗಾಗಿ ಡಬ್ಬಿ ಸುಮ್ಮನಿದ್ದರೂ ದುಡ್ಡು ಬಂದಿರಬಹುದು. ಇದನ್ನು ಹಾಕಿಸಲು ಬಂದ ಹುಡುಗ ನನಗೆ ಹೇಳಿರಲಿಲ್ಲ. 2025ರ ಆಯುಧಪೂಜೆ ಅಕ್ಟೋಬರ್ 1ಕ್ಕೆ ಬಂತು. ಊರು ತುಂಬಾ ಜನ, ಎಲ್ಲರ ಕೈಯಲ್ಲೂ ಫೋನು. ನಮ್ಮ ಬೀದಿಯಲ್ಲಿ ಬೂದುಗುಂಬಳ, ನಿಂಬೆಹಣ್ಣು, ಬಾಳೆಕಂದಿಗೆ ಸಾಲು ನಿಂತಿತ್ತು. ಡಬ್ಬಿ ಹನ್ನೊಂದು ಗಂಟೆಗೆ ಮೂಕವಾಯಿತು. ಗಿರಾಕಿಗಳು ಹೋಗಿದೆ ಅಂತಾರೆ, ಡಬ್ಬಿ ಇಲ್ಲ ಅನ್ನುತ್ತದೆ. ಒಬ್ಬರಿಂದ ಎರಡು ಸಲ ದುಡ್ಡು ಹಾಕಿಸಿಕೊಂಡೆ, ಪಾಪ, ಆಮೇಲೆ ವಾಪಸ್ ಕೊಟ್ಟೆ. ಸಂಜೆ ನಾಲ್ಕಕ್ಕೆ ಇದ್ದಕ್ಕಿದ್ದಂತೆ ಅದು ಬೆಳಗಿನದೆಲ್ಲಾ ಒಂದರ ಹಿಂದೊಂದು ಒದರಲು ಶುರು ಮಾಡಿತು. ಅಂಗಡಿಯಲ್ಲಿ ಒಬ್ಬ ಗಿರಾಕಿಯೂ ಇಲ್ಲ, ಡಬ್ಬಿ ಮಾತ್ರ ಭರ್ಜರಿ ವ್ಯಾಪಾರ ಮಾಡುತ್ತಿತ್ತು.

ಎಲ್ಲಾ ತಪ್ಪೂ ಡಬ್ಬಿಯದೇ ಅನ್ನಬಾರದು. 2025ರ ಏಪ್ರಿಲ್ 12ರಂದು ದೇಶದ ತುಂಬಾ ಯುಪಿಐ ಕೆಟ್ಟು ನಿಂತಿತ್ತು. ಅವತ್ತು ಶನಿವಾರ, ಆಂಜನೇಯನಿಗೆ ವೀಳ್ಯದೆಲೆ ಕೊಳ್ಳುವವರ ದಿನ. ನಾನು ಡಬ್ಬಿ ಕೆಟ್ಟಿದೆ ಅಂತ ಮೂರು ಸಲ ಆಫ್ ಮಾಡಿ ಆನ್ ಮಾಡಿ, ಒಂದು ಸಲ ಬೆನ್ನಿಗೆ ತಟ್ಟಿಯೂ ನೋಡಿದ್ದೆ.

ಎರಡನೆಯ ದೂರು ನನಗೆ ದೊಡ್ಡದು. ಡಬ್ಬಿ ಮೊತ್ತ ಹೇಳುತ್ತದೆ, ಯಾರದು ಅಂತ ಹೇಳಲ್ಲ. ಶುಕ್ರವಾರ ಸಂಜೆ ಐದಾರು ಜನ ಒಟ್ಟಿಗೆ ನಿಂತಿರುತ್ತಾರೆ. ಇಬ್ಬರು ನಲವತ್ತರ ಊದುಬತ್ತಿ ಕೊಂಡಿದ್ದಾರೆ. "ನಲವತ್ತು" ಅಂತ ಒಂದೇ ಸಲ ಕೂಗಿತು. ಇಬ್ಬರೂ "ನಂದೇ" ಅಂತಾರೆ! ಇಬ್ಬರೂ ಪ್ರಾಮಾಣಿಕರೇ, ಒಬ್ಬರದು ಎಲ್ಲೋ ಸಿಕ್ಕಿಕೊಂಡಿದೆ. ಆಪ್ ತೆಗೆದರೆ ಹೆಸರು ಇರುತ್ತದೆ. ಕೈಯಲ್ಲೆಲ್ಲಾ ಕುಂಕುಮ ಮೆತ್ತಿಕೊಂಡಿರುವಾಗ ಫೋನು ಮುಟ್ಟೋದು ಹೇಗೆ? ಅದಕ್ಕೆ ನಾನೊಂದು ಉಪಾಯ ಹುಡುಕಿದ್ದೇನೆ. ಒಂದೇ ಮೊತ್ತದವರು ಇಬ್ಬರು ಬಂದರೆ ಎರಡನೆಯವರಿಗೆ "ನೀವು ಮೂವತ್ತೊಂಬತ್ತು ಹಾಕಿ" ಅನ್ನುತ್ತೇನೆ. ಒಂದು ರೂಪಾಯಿ ಹೋದರೂ ಲೆಕ್ಕ ಕೂಡುತ್ತದೆ. ಈಗ ಕೆಲವರು ಬೇಕಂತಲೇ ಎರಡನೆಯವರಾಗಿ ನಿಲ್ಲುತ್ತಾರೆ, ಅದು ಬೇರೆ ಮಾತು.

ಬಾಡಿಗೆ ಲೆಕ್ಕ ಕೇಳಿ. ಹಾಕುವಾಗ ಕಂಪನಿ ಹುಡುಗ "ಫ್ರೀ ಆಂಟಿ" ಅಂದಿದ್ದ. ಎರಡನೇ ತಿಂಗಳಿಂದ 125 ರೂಪಾಯಿ ತಾನಾಗೇ ಕಟ್ ಆಗುತ್ತಿದೆ. ನಲವತ್ತರ ಊದುಬತ್ತಿಯಲ್ಲಿ ನನಗೆ ಎಂಟು ರೂಪಾಯಿ ಉಳಿಯುತ್ತದೆ. ಅಂದರೆ ತಿಂಗಳಿಗೆ ಹದಿನಾರು ಪ್ಯಾಕೆಟ್ ಈ ಡಬ್ಬಿಗೋಸ್ಕರವೇ ಮಾರಬೇಕು. ಸಹಾಯವಾಣಿಗೆ ಫೋನ್ ಮಾಡಿದರೆ ಕನ್ನಡಕ್ಕೆ ಮೂರು ಒತ್ತಿ ಅನ್ನುತ್ತದೆ. ಮೂರು ಒತ್ತಿದರೆ ಹಿಂದಿಯವರು ಸಿಗುತ್ತಾರೆ.

ಕಂಪನಿಯವರದೂ ಒಂದು ಕಷ್ಟ ಇದೆ ಅನ್ನಿ. ಬ್ಯಾಂಕ್ ಖಾತೆಯಿಂದ ಯುಪಿಐ ಮೂಲಕ ಬರುವ ದುಡ್ಡಿಗೆ ವ್ಯಾಪಾರಿಯಿಂದ ಶುಲ್ಕ ಹಿಡಿಯುವ ಹಾಗಿಲ್ಲ ಅಂತ 2020ರ ಜನವರಿಯಿಂದ ನಿಯಮ ಇದೆ. ಅದರ ಬದಲು ಕೇಂದ್ರ ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆ. 2024-25ಕ್ಕೆ ಅಂತ ಸುಮಾರು 1500 ಕೋಟಿ ಇಟ್ಟಿತ್ತು. ಸಣ್ಣ ವ್ಯಾಪಾರಿಗೆ ಬರುವ 2000 ರೂಪಾಯಿವರೆಗಿನ ಪೇಮೆಂಟಿಗೆ ಶೇ 0.15. ನನ್ನ ನಲವತ್ತು ರೂಪಾಯಿಗೆ ಲೆಕ್ಕ ಹಾಕಿದರೆ ಆರು ಪೈಸೆ. ಅದನ್ನೂ ಬ್ಯಾಂಕು, ಆಪು ಎಲ್ಲರೂ ಹಂಚಿಕೊಳ್ಳಬೇಕು. ಆರು ಪೈಸೆಯಲ್ಲಿ ಯಾರ ಸಂಸಾರ ನಡೆಯುತ್ತೆ? ಅದಕ್ಕೇ ಬಾಡಿಗೆ. ಅದಕ್ಕೇ ವಾರಕ್ಕೆರಡು ಸಲ "ಮೇಡಂ, ನಿಮಗೆ ಎರಡು ಲಕ್ಷ ಲೋನ್ ರೆಡಿ ಇದೆ" ಅಂತ ಫೋನು. ನನ್ನ ಗಲ್ಲಾಪೆಟ್ಟಿಗೆಗೆ ದಿನಾ ಎಷ್ಟು ಬೀಳುತ್ತದೆ ಅಂತ ನಮ್ಮ ಯಜಮಾನರಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಗೊತ್ತಿರುವವರು ಇನ್ನೂ ಇದ್ದಾರೆ ಅಂತ ತಿಳಿದದ್ದು ಆಷಾಢದಲ್ಲಿ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತಲ್ಲ. ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿನ ಮೇಲೆ 29 ಲಕ್ಷ ಕೇಳಿದ್ದರು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ! ಆದರೆ ಯುಪಿಐ ಲೆಕ್ಕದಲ್ಲಿ ಬದನೆಕಾಯಿ ಅಂತ ಬರೆದಿರುತ್ತಾ?

ನಮ್ಮಂಥವರಿಗೆ ಇನ್ನೂ ಕಲಸುಮೇಲೋಗರ. ಹೂವು, ವೀಳ್ಯದೆಲೆ, ತೆಂಗಿನಕಾಯಿ, ಕುಂಕುಮಕ್ಕೆ ತೆರಿಗೆ ಇಲ್ಲ. ಊದುಬತ್ತಿಗೆ ಶೇ 5. ಡಬ್ಬಿಗೆ ಎಲ್ಲವೂ ನಲವತ್ತು ರೂಪಾಯಿಯೇ. ಅದರ ಜೊತೆ ನಮ್ಮ ಬೀದಿ ಹೆಂಗಸರ ಚೀಟಿ ದುಡ್ಡು ಅದೇ ಕ್ಯೂಆರ್‌ಗೆ ಬೀಳುತ್ತಿತ್ತು. ತಿಂಗಳಿಗೆ ಹದಿನೈದು ಜನ, ತಲಾ ಎರಡು ಸಾವಿರ. ವರ್ಷಕ್ಕೆ ಮೂರು ಲಕ್ಷ ಅರವತ್ತು ಸಾವಿರ ಆಯಿತು. ಅದು ನನ್ನ ವ್ಯಾಪಾರ ಅಲ್ಲ, ಆದರೆ ಡಬ್ಬಿ ಅದನ್ನೂ ಅದೇ ಸಂಭ್ರಮದಿಂದ ಕೂಗಿತ್ತು.

ನನಗೆ ನೋಟಿಸ್ ಬರಲಿಲ್ಲ, 40 ಲಕ್ಷ ನಾನು ಕಂಡವಳೂ ಅಲ್ಲ. ಆದರೂ ಹೆದರಿಕೆ ಅಂಟುರೋಗ. ಎದುರಿನ ಎರಡು ಅಂಗಡಿಯಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿಸಿದರು. ನಾನೂ ಜುಲೈ 18ಕ್ಕೆ, ಕೊನೆಯ ಆಷಾಢ ಶುಕ್ರವಾರ, ಡಬ್ಬಿ ಆಫ್ ಮಾಡಿ, ವೈರ್ ಕಿತ್ತು ಮೂಟೆ ಹಿಂದೆ ಇಟ್ಟೆ. ಕ್ಯೂಆರ್ ಸ್ಟಿಕ್ಕರ್ ಮಾತ್ರ ಗಾಜಿನ ಮೇಲೆ ಹಾಗೇ ಇತ್ತು, ಜನ ಸ್ಕ್ಯಾನ್ ಮಾಡುತ್ತಲೇ ಇದ್ದರು. ಮಗಳು ಸಂಜೆ ಬಂದು ನಗಾಡಿದಳು: "ಅಮ್ಮ, ಕೂಗೋದು ನಿಂತ್ರೆ ದುಡ್ಡು ಲೆಕ್ಕಕ್ಕೆ ಸೇರಲ್ಲ ಅಂದ್ಕೊಂಡ್ಯಾ?" ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಯಿತು ನನ್ನ ಬುದ್ಧಿವಂತಿಕೆ. ಚಾಮುಂಡಿ ಬೆಟ್ಟಕ್ಕೆ ಹೋಗುವವರು ಕೆಲವರು ಡಬ್ಬಿ ಕಾಣದೆ, ಕೈಯಲ್ಲಿ ಚಿಲ್ಲರೆಯೂ ಇಲ್ಲ ಅಂತ ಮುಂದಿನ ಅಂಗಡಿಗೆ ಹೋದದ್ದೇ ಲಾಭ.

23ಕ್ಕೆ ಮುಖ್ಯಮಂತ್ರಿ ವ್ಯಾಪಾರಿಗಳನ್ನು ಕರೆಸಿ ಮಾತಾಡಿದರು. ಹಳೇ ಬಾಕಿ ವಸೂಲಿ ಮಾಡಲ್ಲ, ಮಿತಿ ದಾಟಿದವರು ನೋಂದಣಿ ಮಾಡಿಸಿಕೊಳ್ಳಿ ಅಂದರು. ಸಂಜೆ ಡಬ್ಬಿ ಮತ್ತೆ ಮೂಟೆ ಹಿಂದಿನಿಂದ ಈಚೆ ಬಂತು. ಅವತ್ತಿನಿಂದ ಎರಡು ಬದಲಾವಣೆ ಮಾಡಿದ್ದೇನೆ. ಚೀಟಿ ದುಡ್ಡು ನನ್ನ ಬೇರೆ ಖಾತೆಗೆ. ಮತ್ತೆ ಮಾವನವರು ಬಿಟ್ಟುಹೋದ ಉದ್ದನೆಯ ಲೆಕ್ಕದ ಪುಸ್ತಕ ಪುನಃ ಗಲ್ಲಾಪೆಟ್ಟಿಗೆ ಪಕ್ಕ ಬಂದಿದೆ. ಎಡಕ್ಕೆ ಹೂವು ಕಾಯಿ, ಬಲಕ್ಕೆ ಊದುಬತ್ತಿ ಕರ್ಪೂರ. ರಾತ್ರಿ ಶಟರ್ ಎಳೆಯೋ ಮುಂಚೆ ಹತ್ತು ನಿಮಿಷದ ಕೆಲಸ.

ಹಾಕಿಸಬೇಕಾ ಅಂತ ಕೇಳಿದರೆ, ಒಬ್ಬರೇ ಅಂಗಡಿ ನಡೆಸುವವರು ಹಾಕಿಸಿ. ಬ್ಯಾಟರಿ ನನಗೆ ನಾಲ್ಕು ದಿನ ಬರುತ್ತಿದೆ, ಶಬ್ದ ಬೀದಿಗೆ ಕೇಳುವಷ್ಟಿದೆ. ಬಾಡಿಗೆ ಎಷ್ಟು, ಯಾವ ತಿಂಗಳಿಂದ, ವಾಪಸ್ ಕೊಟ್ಟರೆ ಯಾವಾಗ ನಿಲ್ಲುತ್ತದೆ ಅನ್ನೋದನ್ನು ಆ ಹುಡುಗನ ಕೈಯಲ್ಲಿ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ದಿನಕ್ಕೆ ಹತ್ತೇ ಪೇಮೆಂಟ್ ಬರುವವರು ಹಾಕಿಸಬೇಡಿ, ಬ್ಯಾಂಕಿನ ಮೆಸೇಜ್ ನೋಡಿಕೊಂಡರೆ ಸಾಕು. ಐದಕ್ಕೆ ಮೂರು ಕೊಡುತ್ತೇನೆ. ಅತ್ತೆ ಐದು ಕೊಟ್ಟಿದ್ದಾರೆ.

ಹೋದ ವಾರ ಅದೇ ಕಂಪನಿಯ ಹೊಸ ಹುಡುಗ ಪರದೆ ಇರುವ ಡಬ್ಬಿ ಹಿಡಿದು ಬಂದಿದ್ದ. ಮೊತ್ತ ಪರದೆಯಲ್ಲೂ ಕಾಣುತ್ತೆ ಅಂದ. "ಇದು ಹೆಸರು ಹೇಳುತ್ತಾಪ್ಪ?" ಅಂದೆ. "ಇಲ್ಲ ಆಂಟಿ, ಆದ್ರೆ ಇದು ಫ್ರೀ" ಅಂದ. ಆಗಲೇ ಎದುರು ಮನೆಯವರು ಊದುಬತ್ತಿಗೆ ಬಂದು ಫೋನು ತೆಗೆದರು. ಅವನೂ ಮನೆಗೆ ಅಂತ ಅದೇ ನಲವತ್ತರ ಪ್ಯಾಕೆಟ್ ಕೈಗೆತ್ತಿಕೊಂಡ.

"ನೀನು ಮೂವತ್ತೊಂಬತ್ತು ಹಾಕಪ್ಪ" ಅಂದೆ.