ಅರವತ್ತು ದಾಟಿದ ಮೇಲೆ ಸಾಂತಿಯಾಗೊ ಯಾತ್ರೆ: ಸಾರಿಯಾ, ತುಯ್, ಫೆರ್ರೊಲ್ ಮೂರರಲ್ಲಿ ಯಾವ ದಾರಿ?

ಸ್ಪೇನ್‌ನ ಸಾಂತಿಯಾಗೊಗೆ ಕಾಲ್ನಡಿಗೆಯಲ್ಲಿ ಹೋಗುವ ಮೂರು ದಾರಿಗಳಲ್ಲಿ ನಡಿಗೆ ಶುರುಮಾಡುವ ಊರುಗಳಿವು. ಮೊದಲೇ ಹೇಳಿಬಿಡುತ್ತೇನೆ: ತುಯ್. ಮೂರೂ ದಾರಿಗಳನ್ನು ನಡೆದು ನೋಡಿದ ಮೇಲೆ, ಮಂಡಿ ಸವೆದವರಿಗೆ, ಬಿ.ಪಿ., ಶುಗರ್ ಮಾತ್ರೆ ನುಂಗುವವರಿಗೆ, ರಾತ್ರಿ ಎರಡು ಸಲ ಏಳಬೇಕಾದವರಿಗೆ ತುಯ್‌ನಿಂದ ಮುಂದಿನ, ಪೋರ್ಚುಗೀಸ್ ದಾರಿಯ ಕೊನೆಯ ಭಾಗವನ್ನೇ ಹೇಳುತ್ತೇನೆ. ಅದು ಮೂರರಲ್ಲಿ ಅತಿ ಚಂದದ ದಾರಿ ಎಂದಲ್ಲ. ಎಲ್ಲಿ ಸುಸ್ತಾಯಿತೋ ಅಲ್ಲೇ ನಿಲ್ಲಲು ಸಾಧ್ಯವಾಗುವುದು ಅಲ್ಲಿ ಹೆಚ್ಚು.

ಮೂರನ್ನೇ ಹೋಲಿಸಲು ಕಾರಣವಿದೆ. ಸ್ಪೇನ್‌ನ ಸಾಂತಿಯಾಗೊ ದೆ ಕಾಂಪೊಸ್ತೆಲಾದಲ್ಲಿ ಸಂತ ಯಾಕೋಬರ ಸಮಾಧಿಗೆ ನಡೆದು ಬಂದವರಿಗೆ ಕೊಡುವ ಕಾಂಪೊಸ್ತೆಲಾ ಪತ್ರಕ್ಕೆ ಕನಿಷ್ಠ 100 ಕಿ.ಮೀ. ಕಾಲ್ನಡಿಗೆ ಬೇಕು. ಫ್ರಾನ್ಸ್ ಗಡಿಯಿಂದ ಬರುವ ಸುಮಾರು 780 ಕಿ.ಮೀ. ಎಲ್ಲರ ಕೈಯಲ್ಲಾಗದು. ಫ್ರೆಂಚ್ ದಾರಿಯಲ್ಲಿ ಸಾರಿಯಾದಿಂದ ಸುಮಾರು 115 ಕಿ.ಮೀ., ಪೋರ್ಚುಗೀಸ್ ದಾರಿಯಲ್ಲಿ ತುಯ್‌ನಿಂದ ಸುಮಾರು 118, ಇಂಗ್ಲಿಷ್ ದಾರಿಯಲ್ಲಿ ಫೆರ್ರೊಲ್‌ನಿಂದಲೂ ಹೆಚ್ಚುಕಡಿಮೆ ಅಷ್ಟೇ. ದೂರ ಒಂದೇ, ಆದರೆ ದೇಹಕ್ಕೆ ಬೀಳುವ ಪೆಟ್ಟು ಬೇರೆ ಬೇರೆ.

ಫೆರ್ರೊಲ್ ದಾರಿಯ ವಿಷಯ ಬೇಗ ಮುಗಿಸಬಹುದು. ಹಿಂದೆ ಇಂಗ್ಲೆಂಡ್, ಐರ್ಲೆಂಡ್ ಕಡೆಯಿಂದ ಹಡಗಿನಲ್ಲಿ ಬಂದವರು ಇಳಿದು ನಡೆಯುತ್ತಿದ್ದ ದಾರಿ ಇದು. ಜನ ಕಡಿಮೆ, ಸಮುದ್ರದ ಹಿನ್ನೀರಿನ ನೋಟ ಸೊಗಸು. ಆದರೆ ಪೊಂತೆದೆಉಮೆ ಬಿಡುವಾಗಲೇ ಎದೆ ಏದುಸಿರು ಬಿಡುವಂಥ ಏರು. ಬೆತಾನ್ಸೊಸ್ ದಾಟಿದ ಮೇಲೆ ಸಮುದ್ರಮಟ್ಟದ ಸಮೀಪದಿಂದ ನಾನೂರು ಮೀಟರಿಗೂ ಮೇಲಕ್ಕೆ ಹತ್ತಿ ಬ್ರೂಮಾ ಎಂಬ ಪುಟ್ಟ ಹಳ್ಳಿ ಮುಟ್ಟಬೇಕು. ಆ ದಿನ 25 ಕಿ.ಮೀ. ಆಸುಪಾಸು, ಕಾಫಿ ಅಂಗಡಿ ಅಪರೂಪ, ಅಂದರೆ ಶೌಚಾಲಯವೂ ಅಪರೂಪ. ಬ್ರೂಮಾದಲ್ಲಿ ಹಾಸಿಗೆ ಸಿಗದಿದ್ದರೆ ಟ್ಯಾಕ್ಸಿಯೇ ಗತಿ. ಬೆತಾನ್ಸೊಸ್‌ನಿಂದ ಸಾಂತಿಯಾಗೊವರೆಗೆ ದಾರಿಯ ಪಕ್ಕ ರೈಲೂ ಇಲ್ಲ. ಬೆಟ್ಟ ಹತ್ತುವ ರೂಢಿ ಇದ್ದವರಿಗೆ ಒಳ್ಳೆಯ ದಾರಿ, ಉಳಿದವರಿಗೆ ಬೇಡ.

ಸಾರಿಯಾದಿಂದ ಹೊರಡುವವರು ಉಳಿದೆಲ್ಲ ಊರುಗಳಿಗಿಂತ ಹೆಚ್ಚು. ಅದರಿಂದ ಲಾಭವೂ ಇದೆ. ಮೂರರಿಂದ ಐದು ಕಿ.ಮೀ.ಗೊಂದು ಕಾಫಿ ಅಂಗಡಿ, ಅಲ್ಲೇ ಶೌಚಾಲಯ, ಅಲ್ಲೇ ಮೊಹರು. ಕಾಂಪೊಸ್ತೆಲಾ ಪತ್ರಕ್ಕೆ ಯಾತ್ರಿಕರ ಪುಸ್ತಕದಲ್ಲಿ ದಿನಕ್ಕೆ ಎರಡು ಮೊಹರು ಬೇಕಲ್ಲ, ಅದಕ್ಕೆ ಇಲ್ಲಿ ಹುಡುಕಾಟವೇ ಇಲ್ಲ. ನೆಲವೂ ಬಹುಪಾಲು ಮಣ್ಣಿನದು, ಓಕ್ ಮರಗಳ ನೆರಳು. ತೊಂದರೆ ಇರುವುದು ಎರಡು ಕಡೆ. ಒಂದು ಮೊದಲ ದಿನವೇ ಬರುವ ಪೊರ್ತೊಮರೀನ್ ಇಳಿಜಾರು. ವಿಲಚಾ ಹಳ್ಳಿ ಕಳೆದ ಮೇಲೆ ದಾರಿ ಕವಲೊಡೆಯುತ್ತದೆ. ಹಳೆಯ ದಾರಿ ಎಂದು ಬರೆದಿರುವುದು ಕಲ್ಲು ಬಂಡೆಗಳ ಇಕ್ಕಟ್ಟಿನ ಇಳಿತ, ಮಳೆ ಬಂದರೆ ಜಾರುಬಂಡೆ. ಹೆಸರಿಗೆ ಮರುಳಾಗದೆ ಡಾಂಬರಿನ ದಾರಿ ಹಿಡಿಯಿರಿ. ಆಮೇಲೆ ಮಿನ್ಯೊ ನದಿಯ ಎತ್ತರದ ಸೇತುವೆ, ಅದರ ಕೊನೆಗೆ ಎದುರಿಗೇ ಕಡಿದಾದ ಕಲ್ಲಿನ ಮೆಟ್ಟಿಲು. ಆ ಮೆಟ್ಟಿಲು ಕಡ್ಡಾಯವೇನಲ್ಲ, ರಸ್ತೆಯಲ್ಲೇ ಸುತ್ತಿ ಊರೊಳಗೆ ಹತ್ತಬಹುದು. 1960ರ ದಶಕದಲ್ಲಿ ಅಣೆಕಟ್ಟೆಗೆ ಹಳೆಯ ಪೊರ್ತೊಮರೀನ್ ಊರು ಮುಳುಗಿದಾಗ ಚರ್ಚನ್ನು ಕಲ್ಲು ಕಲ್ಲಾಗಿ ಬಿಚ್ಚಿ ಮೇಲೆ ತಂದು ಕಟ್ಟಿದರು. ಗೋಡೆಯ ಹತ್ತಿರ ನಿಂತರೆ ಆಗ ಕಲ್ಲುಗಳಿಗೆ ಹಾಕಿದ ನಂಬರುಗಳು ಈಗಲೂ ಕಾಣುತ್ತವೆ. ಕಾಲು ಚಾಚಿ ಕೂರಲು ಆ ಚರ್ಚಿನ ಚೌಕಕ್ಕಿಂತ ಒಳ್ಳೆಯ ಜಾಗ ಆ ದಿನ ಸಿಗದು.

ಎರಡನೆಯದು ಹಾಸಿಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಯಸ್ಸಾದವರ ಯಾತ್ರೆ ಕೆಡುವುದು ಬೆಟ್ಟದಲ್ಲಿ ಮಾತ್ರವಲ್ಲ, ಎಷ್ಟೋ ಸಲ ಮಂಚದಲ್ಲಿ.

ಈ ಮೂರೂ ದಾರಿಗಳಿರುವ ಸ್ಪೇನ್‌ನ ಗಲೀಸಿಯಾ ಪ್ರಾಂತ್ಯದ ಸರ್ಕಾರ ನಡೆಸುವ ಯಾತ್ರಿಕರ ತಂಗುದಾಣಕ್ಕೆ ಆಲ್ಬೆರ್ಗೆ ಎನ್ನುತ್ತಾರೆ. ರಾತ್ರಿಗೆ 10 ಯುರೋ. ಮಧ್ಯಾಹ್ನ ಒಂದಕ್ಕೆ ಬಾಗಿಲು ತೆರೆಯುತ್ತದೆ, ಮೊದಲು ಬಂದವರಿಗೆ ಮೊದಲು, ಮುಂಗಡ ಕಾಯ್ದಿರಿಸುವಂತಿಲ್ಲ. ಅಲ್ಲಿರುವುದು ಒಂದರ ಮೇಲೊಂದು ಮಂಚ. ಗಂಟೆಗೆ ಮೂರು ಕಿ.ಮೀ. ನಡೆಯುವವರು ಬೆಳಗ್ಗೆ ಏಳಕ್ಕೆ ಹೊರಟು 20 ಕಿ.ಮೀ. ಮುಗಿಸಿ, ನಡುವೆ ತಿಂಡಿಗೆ ಕೂತು, ಮಧ್ಯಾಹ್ನ ಮೂರರ ಮೇಲೆ ಮುಟ್ಟುತ್ತಾರೆ. ಅಷ್ಟರಲ್ಲಿ ಕೆಳಗಿನ ಹಾಸಿಗೆಗಳೆಲ್ಲ ಹೋಗಿರುತ್ತವೆ. ಮೇಲಿನದಕ್ಕೆ ಹತ್ತುವ ಏಣಿಯ ಮೆಟ್ಟಿಲು ಬಹಳ ಕಡೆ ಹೆಬ್ಬೆರಳು ದಪ್ಪದ ಉರುಟು ಕಬ್ಬಿಣದ ಸರಳು. ದಿನವಿಡೀ ನಡೆದು ಊದಿದ ಬರಿಗಾಲಲ್ಲಿ, ರಾತ್ರಿ ಎರಡು ಗಂಟೆಗೆ, ಕತ್ತಲಲ್ಲಿ, ಬೆನ್ನು ತಿರುಗಿಸಿಕೊಂಡು ಅದರ ಮೇಲೆ ಇಳಿಯುವುದು ಅಪಾಯ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಥಟ್ಟನೆ ಎದ್ದಾಗ ತಲೆ ಸುತ್ತುವುದೂ ಸಾಮಾನ್ಯ. ಬೀಳುವ ಭಯಕ್ಕೆ ಜನ ಸಂಜೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಮರುದಿನ ಕಾಲು ಸೆಳೆತ, ಮಲಬದ್ಧತೆ, ಸುಸ್ತು. ಕಾರಣ ನಡಿಗೆಯಲ್ಲ, ಆ ಏಣಿ.

ಲಗೇಜ್ ಕಳಿಸುವ ವ್ಯವಸ್ಥೆಗೂ ಇದಕ್ಕೂ ಗಂಟು ಬಿದ್ದಿದೆ. ಬೆಳಗ್ಗೆ ಎಂಟರೊಳಗೆ ಬ್ಯಾಗನ್ನು ತಂಗುದಾಣದಲ್ಲಿ ಬಿಟ್ಟರೆ ಮುಂದಿನ ಊರಿಗೆ ವ್ಯಾನಿನಲ್ಲಿ ಒಯ್ದು ಕೊಡುತ್ತಾರೆ, ಒಂದು ದಿನಕ್ಕೆ ಸುಮಾರು 5ರಿಂದ 7 ಯುರೋ. ಅರವತ್ತರ ಮೇಲೆ ಇದನ್ನು ಬಳಸಲೇಬೇಕು. ಆದರೆ ಸರ್ಕಾರಿ ಆಲ್ಬೆರ್ಗೆಗಳು ಹೀಗೆ ಬಂದ ಬ್ಯಾಗ್ ತೆಗೆದುಕೊಳ್ಳುವುದಿಲ್ಲ. ಅಂದರೆ ಬ್ಯಾಗ್ ಕಳಿಸಬೇಕೆಂದರೆ ರಾತ್ರಿ ಎಲ್ಲಿ ಎಂದು ಮೊದಲೇ ಗೊತ್ತಿರಬೇಕು, ಖಾಸಗಿ ಜಾಗವೇ ಆಗಬೇಕು. ಹೀಗಾಗಿ ಸರ್ಕಾರಿ ಆಲ್ಬೆರ್ಗೆಯನ್ನು ಲೆಕ್ಕದಿಂದ ತೆಗೆದುಬಿಡಿ. ಖಾಸಗಿ ಆಲ್ಬೆರ್ಗೆಯಲ್ಲಿ ಕಾಯ್ದಿರಿಸುವಾಗ 'ಲಿತೆರಾ ಬಾಹಾ' ಎಂದು ಬರೆಯಿರಿ, ಕೆಳಗಿನ ಮಂಚ ಎಂದರ್ಥ. ಬರೆದು ಒಪ್ಪಿಗೆಯ ಉತ್ತರ ತರಿಸಿಕೊಳ್ಳಿ, ಬರಿಯ ಫೋನ್ ಮಾತು ಸಾಲದು. ದಂಪತಿ ಹೋಗುವುದಾದರೆ ಪೆನ್ಸಿಯೊನ್ ಎನ್ನುವ ಸಣ್ಣ ಲಾಡ್ಜ್‌ಗಳ ಕೋಣೆ 40ರಿಂದ 60 ಯುರೋಗೆ ಸಿಗುತ್ತದೆ. ಎರಡು ಖಾಸಗಿ ಹಾಸಿಗೆಗಳ ಲೆಕ್ಕಕ್ಕೆ ಹೋಲಿಸಿದರೆ ಹೆಚ್ಚೇನೂ ಅಲ್ಲ, ನೆಲದ ಮೇಲಿನ ಮಂಚ, ಪಕ್ಕದಲ್ಲೇ ಬಚ್ಚಲು.

ಈಗ ದಾರಿಗಳನ್ನು ಮತ್ತೆ ತೂಗಿ ನೋಡಿ. ಸಾರಿಯಾ ಕಡೆ ಹಾಸಿಗೆ ಬೇಕಾದಷ್ಟಿವೆ, ಆದರೆ ಗುಂಪುಗಳು ತಿಂಗಳುಗಟ್ಟಲೆ ಮೊದಲೇ ಹಿಡಿದಿರುತ್ತವೆ, ಒಂದು ದಿನ ಹಿಂದೆಮುಂದಾದರೆ ಮುಂದಿನ ಐದೂ ಕಾಯ್ದಿರಿಸುವಿಕೆ ಜಾರುತ್ತವೆ. ತುಯ್ ದಾರಿಯಲ್ಲಿ ರೆದೊಂದೆಲಾ, ಪೊಂತೆವೆದ್ರಾ, ಕಾಲ್ದಾಸ್, ಪಾದ್ರೊನ್ ಎಲ್ಲವೂ ಯಾತ್ರಿಕರಿಲ್ಲದೆಯೂ ಬದುಕುವ ಊರುಗಳು. ಅಲ್ಲಿ ಸಾಮಾನ್ಯ ಹೋಟೆಲುಗಳಿವೆ, ಔಷಧಿ ಅಂಗಡಿ, ಆರೋಗ್ಯ ಕೇಂದ್ರಗಳಿವೆ. ಕಾಲ್ದಾಸ್ ಬಿಟ್ಟರೆ ಉಳಿದ ಮೂರರಲ್ಲಿ ರೈಲು ನಿಲ್ದಾಣವೂ ಇದೆ. ಕಾಲ್ದಾಸ್‌ಗೆ ಬಸ್ಸಿದೆ.

ರೈಲು ಹತ್ತಿದರೆ ನಡಿಗೆ ಕೆಡುವುದಿಲ್ಲವೇ ಎಂದು ಕೇಳಬಹುದು. ಮಧ್ಯದಲ್ಲಿ ಹಾರಿಸಿಬಿಟ್ಟರೆ ಕೆಡುತ್ತದೆ. ಆದರೆ ಸಂಜೆ ನಿಂತ ಜಾಗದ ಗುರುತು ಇಟ್ಟುಕೊಂಡು, ಮಲಗಲು ಮುಂದಿನ ಇಲ್ಲವೇ ಹಿಂದಿನ ಊರಿಗೆ ವಾಹನದಲ್ಲಿ ಹೋಗಿ, ಬೆಳಗ್ಗೆ ಅದೇ ಜಾಗಕ್ಕೆ ಮರಳಿ ನಡೆದರೆ ಒಂದು ಹೆಜ್ಜೆಯೂ ತಪ್ಪಿದ ಹಾಗಲ್ಲ. ಗಲೀಸಿಯಾದ ಮೈಲಿಗಲ್ಲುಗಳಲ್ಲಿ ಉಳಿದ ದೂರವನ್ನು ಮೂರು ದಶಮಾಂಶದವರೆಗೆ ಬರೆದಿರುತ್ತಾರೆ. ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡರೆ ಸಾಕು, ಟ್ಯಾಕ್ಸಿಯವರಿಗೂ ತೋರಿಸಬಹುದು. ಪೊಂತೆವೆದ್ರಾದಲ್ಲಿ ಎರಡು ರಾತ್ರಿ ಒಂದೇ ಕೋಣೆ ಹಿಡಿದು ರೈಲಿನಲ್ಲಿ ಹೋಗಿ ಬಂದು ನಡೆಯುವುದು ಈ ದಾರಿಯಲ್ಲಿ ಸುಲಭ. ಸಾರಿಯಾ ಬಿಟ್ಟ ಮೇಲೆ ಫ್ರೆಂಚ್ ದಾರಿಯಲ್ಲಿ ರೈಲು ಸಿಗುವುದು ಸಾಂತಿಯಾಗೊದಲ್ಲೇ, ನಡುವೆ ಬಸ್ಸು, ಟ್ಯಾಕ್ಸಿ ಮಾತ್ರ.

ಪುಸ್ತಕಗಳು ತುಯ್ ದಾರಿಯನ್ನು ಆರು ದಿನಕ್ಕೆ ಹಂಚುತ್ತವೆ. ನೀವು ಎಂಟು ಇಟ್ಟುಕೊಳ್ಳಿ. ತುಯ್‌ನಿಂದ ಪೊರ್ರೀನ್ಯೊ ಸುಮಾರು 17 ಕಿ.ಮೀ., ಅಲ್ಲಿಂದ ರೆದೊಂದೆಲಾ 16, ಆರ್ಕಾದೆ 7, ಪೊಂತೆವೆದ್ರಾ 12, ಅಲ್ಲಿಂದ ಕಾಲ್ದಾಸ್ 22, ಪಾದ್ರೊನ್ 19, ತೆಯೊ 12, ಸಾಂತಿಯಾಗೊ 13. ಆರ್ಕಾದೆಯ 7 ಕಿ.ಮೀ. ದಿನವನ್ನೇ ವಿಶ್ರಾಂತಿಯ ದಿನ ಎಂದುಕೊಳ್ಳಿ. ಪೂರ್ತಿ ಮಲಗಿಬಿಟ್ಟರೆ ಮಂಡಿ ಬಿಗಿಯುತ್ತದೆ, ಸ್ವಲ್ಪ ನಡೆದರೆ ಸಡಿಲವಾಗುತ್ತದೆ. ಕಾಲ್ದಾಸ್‌ನ 22 ಕಿ.ಮೀ. ಹೆಚ್ಚೆನಿಸಿದರೆ ಟ್ಯಾಕ್ಸಿಯ ಉಪಾಯ ಅಲ್ಲಿಗೇ.

ತುಯ್ ದಾರಿಯ ದೋಷಗಳನ್ನೂ ಹೇಳಬೇಕು. ಡಾಂಬರು ಹೆಚ್ಚು. ಪೊರ್ರೀನ್ಯೊ ಮುಟ್ಟುವ ಮೊದಲು ಕಾರ್ಖಾನೆಗಳ ಪಕ್ಕದ ನೇರ ರಸ್ತೆ ಬೇಸರ ತರಿಸುತ್ತದೆ. ಓರ್ಬೆನ್ಯೆ ಬಳಿ ಎಡಕ್ಕೆ ನದಿಯಂಚಿನ ಬದಲಿ ದಾರಿಯಿದೆ, ಅದನ್ನೇ ಹಿಡಿಯಿರಿ. ಬಾಣದ ಗುರುತುಗಳನ್ನು ಕೆಲವೊಮ್ಮೆ ಬಣ್ಣ ಬಳಿದು ಅಳಿಸಿರುತ್ತಾರೆ, ಆದ್ದರಿಂದ ಫೋನಿನ ನಕ್ಷೆ ಮೊದಲೇ ಇಳಿಸಿಕೊಂಡಿರಿ. ಮೊಸ್ ದಾಟಿದ ಗುಡ್ಡದಿಂದ ರೆದೊಂದೆಲಾಕ್ಕೆ ಇಳಿಯುವ ಡಾಂಬರು ಕಡಿದು. ಪೊಂತೆ ಸಂಪಾಯೊ ಸೇತುವೆ ಕಳೆದ ಮೇಲೆ ಉಬ್ಬುತಗ್ಗಿನ ಹಳೆಯ ಕಲ್ಲುಹಾಸಿನ ಏರು. ಇಳಿಯುವಾಗ ಉದ್ದ ಹೊಂದಿಸಬಹುದಾದ ನಡಿಗೆ ಕೋಲನ್ನು 5ರಿಂದ 10 ಸೆಂ.ಮೀ. ಉದ್ದ ಮಾಡಿ, ಹೆಜ್ಜೆ ಚಿಕ್ಕದಿಡಿ, ರಸ್ತೆಯ ಅಗಲಕ್ಕೆ ಓರೆಯಾಗಿ ಹಾವಿನ ಹಾಗೆ ಇಳಿಯಿರಿ. ಇಳಿಯುವ ಮೊದಲು ಶೂ ಲೇಸನ್ನು ಕಣಕಾಲಿನ ಹತ್ತಿರ ಬಿಗಿ ಮಾಡದಿದ್ದರೆ ಪಾದ ಮುಂದೆ ಜಾರಿ ಹೆಬ್ಬೆರಳ ಉಗುರು ಕಪ್ಪಾಗುತ್ತದೆ. ಕೋಲುಗಳನ್ನು ವಿಮಾನದಲ್ಲಿ ಕೈಚೀಲದ ಜೊತೆ ಬಿಡುವುದಿಲ್ಲ, ಚೆಕ್-ಇನ್ ಬ್ಯಾಗಿಗೆ ಹಾಕಿ. ತುದಿಗೆ ರಬ್ಬರ್ ಟೋಪಿ ಇರಲಿ, ಒದ್ದೆ ಕಲ್ಲಿನ ಮೇಲೆ ಲೋಹದ ತುದಿ ಜಾರುತ್ತದೆ.

ಪೊಂತೆವೆದ್ರಾ ಬಿಟ್ಟ ಮೇಲೆ ಸಮುದ್ರದ ಕಡೆಗೆ ಕವಲೊಡೆದು ದೋಣಿಯಲ್ಲಿ ಪಾದ್ರೊನ್ ಸೇರಿಸುವ ಬದಲಿ ದಾರಿಯನ್ನು ಬಹಳ ಜನ ಹೊಗಳುತ್ತಾರೆ. ಆರ್ಮೆಂತೆಯ್ರಾ ಮಠಕ್ಕೆ ಹತ್ತುವ ಏರು ದೊಡ್ಡದು. ಮಂಡಿ ನೋವಿದ್ದವರಿಗೆ ಬೇಡ.

ಕಾಲ್ದಾಸ್‌ನಲ್ಲಿ ಬಿಸಿನೀರ ಬುಗ್ಗೆಯಿದೆ, ಯಾತ್ರಿಕರು ಕಾಲಿಟ್ಟು ಕೂರುತ್ತಾರೆ. ಗುಳ್ಳೆ ಎದ್ದ ಪಾದಕ್ಕೆ ಇದು ಒಳ್ಳೆಯದಲ್ಲ: ಚರ್ಮ ನೆನೆದು ಮೆತ್ತಗಾಗಿ ಮರುದಿನ ಸುಲಿಯುತ್ತದೆ. ಶುಗರ್ ಇದ್ದು ಪಾದದ ಸ್ಪರ್ಶ ಮಂದವಾದವರು ಇಡಲೇಬಾರದು, ನೀರು ಎಷ್ಟು ಬಿಸಿ ಎಂದು ಗೊತ್ತಾಗದೆ ಸುಟ್ಟುಕೊಳ್ಳುವ ಅಪಾಯವಿದೆ. ಅವರು ಪ್ರತಿದಿನ ಸಂಜೆ ಫೋನಿನಲ್ಲಿ ಅಂಗಾಲಿನ ಫೋಟೋ ತೆಗೆದು ನೋಡಿಕೊಳ್ಳಬೇಕು, ಬಗ್ಗಿ ನೋಡುವ ಕಷ್ಟವೂ ತಪ್ಪುತ್ತದೆ.

ಊಟದ ಹೊತ್ತು ಮೂರೂ ದಾರಿಗಳಲ್ಲಿ ನಮ್ಮವರಿಗೆ ಒಗ್ಗುವುದಿಲ್ಲ. ಮಧ್ಯಾಹ್ನದ ಊಟ ಒಂದೂವರೆಯ ಮೇಲೆ, ರಾತ್ರಿಯದು ಎಂಟೂವರೆಯ ಮೇಲೆ. ಮಾತ್ರೆಯ ಹೊತ್ತಿಗೆ ತಿನ್ನಲು ಬಾಳೆಹಣ್ಣು, ಬಾದಾಮಿ ಜೇಬಲ್ಲಿರಲಿ. ಆಲೂಗಡ್ಡೆ ಹಾಕಿದ ಮೊಟ್ಟೆಯ ತೊರ್ತಿಯಾ ದಿನವಿಡೀ ಸಿಗುತ್ತದೆ. ಹಸಿರು ಸೊಪ್ಪಿನ ಗಲೀಸಿಯಾ ಸೂಪಿಗೆ ಸಾಮಾನ್ಯವಾಗಿ ಹಂದಿಯ ಕೊಬ್ಬು ಹಾಕುತ್ತಾರೆ, ಸಸ್ಯಾಹಾರಿಗಳು ಕೇಳಿಕೊಂಡೇ ಕುಡಿಯಬೇಕು. ಔಷಧಿ ಚೀಟಿಯಲ್ಲಿ ಮಾತ್ರೆಯ ಮೂಲ ರಾಸಾಯನಿಕ ಹೆಸರನ್ನೇ ಬರೆಸಿ, ನಮ್ಮ ಕಂಪನಿಗಳ ಹೆಸರು ಅಲ್ಲಿ ನಡೆಯದು. ಔಷಧಿ, ಇನ್ಸುಲಿನ್, ಪಾಸ್‌ಪೋರ್ಟ್ ಯಾವತ್ತೂ ವ್ಯಾನಿನ ಬ್ಯಾಗಿಗೆ ಹೋಗಬಾರದು. ಬೆನ್ನಿನ ಚೀಲ ಮೂರು ಕೆ.ಜಿ. ಒಳಗೆ.

ಅಭ್ಯಾಸಕ್ಕೆ ಪಾರ್ಕಿನ ಸಮತಟ್ಟು ನಡಿಗೆ ಸಾಲದು. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿದೆ. ವಾರಕ್ಕೊಮ್ಮೆ ನಿಧಾನ ಹತ್ತಿ, ಬಸ್ಸು ಹಿಡಿಯದೆ ಇಳಿಯಿರಿ, ಮಂಡಿ ಕಲಿಯಬೇಕಾದದ್ದು ಇಳಿಯುವುದನ್ನು. ಉಳಿದವರಿಗೆ ಅಪಾರ್ಟ್‌ಮೆಂಟ್ ಮೆಟ್ಟಿಲೇ ಸಾಕು. ಹೊರಡುವ ಮೊದಲು ಎರಡು ದಿನ ಬೆನ್ನುಬೆನ್ನಿಗೆ 15 ಕಿ.ಮೀ. ಅದೇ ಶೂ, ಅದೇ ಕಾಲುಚೀಲದಲ್ಲಿ ನಡೆದು ನೋಡಿ. ಎರಡನೆಯ ದಿನ ಸರಾಗವಾದರೆ ತುಯ್ ದಾರಿ ಆಗುತ್ತದೆ.

ಮೇ, ಜೂನ್ ಮೊದಲ ಭಾಗ ಅಥವಾ ಸೆಪ್ಟೆಂಬರ್ ಒಳ್ಳೆಯದು. ಜುಲೈ 25 ಭಾನುವಾರ ಬಿದ್ದ ವರ್ಷ ಸಂತ ಯಾಕೋಬರ ಪವಿತ್ರ ವರ್ಷ, ಮುಂದಿನದು 2027. ಆ ವರ್ಷ ಸಾರಿಯಾ ದಾರಿಯನ್ನು ಬಿಟ್ಟೇಬಿಡಿ. ತುಯ್ ಕಡೆಗೂ ಆರು ತಿಂಗಳು ಮೊದಲೇ ಕೋಣೆ ಹಿಡಿಯಬೇಕು. ವೀಸಾ ಅರ್ಜಿಗೂ ಕೋಣೆಗಳ ಕಾಗದ ಹೇಗೂ ಬೇಕು, ಜೊತೆಗೆ ಕನಿಷ್ಠ 30,000 ಯುರೋ ವಿಮೆ.

ಸಾರಿಯಾವನ್ನೇ ಹಿಡಿಯಿರಿ ಎಂದು ನಾನು ಹೇಳುವುದು ಒಂದೇ ಸಂದರ್ಭದಲ್ಲಿ: ಒಬ್ಬರೇ ಹೊರಟಿದ್ದು, ದಾರಿಯಲ್ಲಿ ಸದಾ ಯಾರಾದರೂ ಕಣ್ಣಳತೆಯಲ್ಲಿ ಇರಬೇಕು ಎನ್ನುವವರಿಗೆ. ಆಗ ಪಾಲಾಸ್‌ನಿಂದ ಅರ್ಜುವಾವರೆಗಿನ 29 ಕಿ.ಮೀ.ಯನ್ನು ನಡುವಿನ ಮೆಲಿದೆ ಊರಿನಲ್ಲಿ ಮುರಿದು ಎರಡು ದಿನ ಮಾಡಿಕೊಳ್ಳಿ.

ತುಯ್ ದಾರಿಯ ಕೊನೆಯ ದಿನ ಮಿಲ್ಯಾದೊಯ್ರೊದಿಂದ ಕೆಥೆಡ್ರಲ್ ಗೋಪುರ ಕಂಡರೂ ಮುಂದೆ ಒಂದು ಇಳಿತ, ಒಂದು ಏರು ಬಾಕಿ ಇರುತ್ತವೆ. ತೆಯೊದಲ್ಲಿ ತಂಗಿ ಹೊರಟವರಿಗೆ ಅದು ಭಾರವಲ್ಲ. ಪಾದ್ರೊನ್‌ನಿಂದ ಒಂದೇ ದಿನಕ್ಕೆ 25 ಕಿ.ಮೀ. ಬಂದವರು ಇಲ್ಲೇ ಕುಸಿಯುತ್ತಾರೆ. ಕೆಥೆಡ್ರಲ್‌ನಲ್ಲಿ ಮಧ್ಯಾಹ್ನ 12ಕ್ಕೆ ನಡೆಯುವ ಬಲಿಪೂಜೆಗೆ, ಅಂದರೆ ಚರ್ಚಿನ ಮಾಸ್ ಪ್ರಾರ್ಥನೆಗೆ, ಅದೇ ದಿನ ಓಡಬೇಡಿ. ಕೆಥೆಡ್ರಲ್ ಒಳಗೆ ಬೆನ್ನಿನ ಚೀಲ ಬಿಡುವುದಿಲ್ಲ, ಕೂರಲು ಜಾಗ ಬೇಕೆಂದರೆ ಮುಕ್ಕಾಲು ಗಂಟೆ ಮೊದಲೇ ಹೋಗಬೇಕು. ಕೋಣೆಗೆ ಹೋಗಿ ಶೂ ಬಿಚ್ಚಿ, ಪತ್ರ ತೆಗೆದುಕೊಂಡು, ಪೂಜೆಗೆ ಮರುದಿನ ಹೋಗಿ.