ಉಪ್ಪುನೀರಿನ ಟ್ಯಾಂಕಿಗೆ ನಲ್ಲಿ ನೀರೋ, ಫಿಲ್ಟರ್ ನೀರೋ? ನಾನು ಎಲ್ಲವನ್ನೂ ಹಾಕಿ ನೋಡಿದ್ದೇನೆ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಸಮುದ್ರದ ಮೀನು ಸಾಕುವುದಾದರೆ, ಅದರಲ್ಲೂ ಸಿಗಡಿ, ಹವಳ ಇಡುವ ಆಸೆ ಇದ್ದರೆ, ಟ್ಯಾಂಕಿಗೇ ಅಂತ ಬೇರೆ ಒಂದು ಸಣ್ಣ ಆರ್‌ಒ ಯೂನಿಟ್ ಹಾಕಿಸಿ. ಅದರ ಹಿಂದೆ ಒಂದು ಡಿಐ ಕಾರ್ಟ್ರಿಜ್ (ಆರ್‌ಒ ದಾಟಿ ಬಂದ ಅಲ್ಪಸ್ವಲ್ಪ ಖನಿಜವನ್ನೂ ಹಿಡಿದಿಡುವ ರೆಸಿನ್ ತುಂಬಿದ ಕೊಳವೆ) ಇರಲಿ. ನಾನು ಈ ಕೆಲಸ ಎರಡು ವರ್ಷ ತಡವಾಗಿ ಮಾಡಿದೆ. ಅಷ್ಟರಲ್ಲಿ ನಲ್ಲಿ ನೀರು, ಕ್ಯಾನ್ ನೀರು, ಅಡುಗೆಮನೆ ಫಿಲ್ಟರ್ ನೀರು ಎಲ್ಲವೂ ಆಗಿತ್ತು.

ನಮ್ಮದು ಬೆಂಗಳೂರಿನ ನಾಗರಬಾವಿಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. 120 ಲೀಟರ್ ಟ್ಯಾಂಕ್. ಒಂದು ಜೋಡಿ ಕ್ಲೌನ್ ಮೀನು, ನಾಲ್ಕೈದು ಬಸವನಹುಳು, ಒಂದು ಕಲ್ಲಿನ ಮೇಲೆ ಜೋವಾಂಥಿಡ್ ಹವಳ. ಇಲ್ಲಿ ‘ನಲ್ಲಿ ನೀರು’ ಅಂದರೆ ಯಾವ ನೀರು ಅಂತ ಹೇಳುವುದೇ ಕಷ್ಟ. ದಿನ ಬಿಟ್ಟು ದಿನ ಕಾವೇರಿ ಬರುತ್ತದೆ, ನೆಲದಡಿಯ ಸಂಪ್‌ಗೆ ಬೀಳುತ್ತದೆ, ಸಾಲದೇ ಹೋದಾಗ ಓನರ್ ಅದೇ ಸಂಪ್‌ಗೆ ಬೋರ್‌ವೆಲ್ ನೀರನ್ನೂ ಬಿಡುತ್ತಾರೆ. ಗೇಟಿನ ಹತ್ತಿರದ ಕಾವೇರಿ ನಲ್ಲಿಯಲ್ಲಿ ಹಿಡಿದರೆ ಟಿಡಿಎಸ್ ಮೀಟರ್ (ನೀರಿನಲ್ಲಿ ಲೀಟರಿಗೆ ಎಷ್ಟು ಮಿಲಿಗ್ರಾಂ ಕರಗಿದೆ ಅಂತ ಹೇಳುವುದು) 190 ತೋರಿಸುತ್ತದೆ. ಅದೇ ದಿನ ನಮ್ಮ ಬಾತ್‌ರೂಮಿನ ನಲ್ಲಿಯಲ್ಲಿ 420. ಏಪ್ರಿಲ್‌ನಲ್ಲಿ 650 ದಾಟಿದ್ದೂ ಇದೆ.

‘ಸಮುದ್ರದ ನೀರಿನಲ್ಲೇ ಲೀಟರಿಗೆ 35 ಗ್ರಾಂ ಉಪ್ಪಿರುತ್ತದೆ, ನಲ್ಲಿ ನೀರಿನ ಅರ್ಧ ಗ್ರಾಂ ಯಾವ ಲೆಕ್ಕ?’ ಅಂತ ನನ್ನ ಗೆಳೆಯ ಕೇಳಿದ್ದ. ಆಗ ನನಗೂ ಸರಿ ಅನ್ನಿಸಿತ್ತು. ಆದರೆ ಆ 35 ಗ್ರಾಂನಲ್ಲಿ ಏನೇನು ಎಷ್ಟೆಷ್ಟು ಇರಬೇಕು ಅನ್ನುವುದನ್ನು ನಾವು ನೀರಿಗೆ ಬೆರೆಸುವ ಅಕ್ವೇರಿಯಂ ಉಪ್ಪಿನ ಪ್ಯಾಕೆಟ್ ಮಾಡಿದವರು ಅಳೆದೇ ಹಾಕಿರುತ್ತಾರೆ. ನಲ್ಲಿಯಿಂದ ಬರುವ ಅರ್ಧ ಗ್ರಾಂನಲ್ಲಿ ನೈಟ್ರೇಟ್, ಸಿಲಿಕೇಟ್, ಫಾಸ್ಫೇಟ್ ಏನು ಬೇಕಾದರೂ ಇರಬಹುದು. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಇರಬಹುದು ಅಂತ ನಮ್ಮ ದೇಶದ ಮಾನದಂಡವೇ ಹೇಳುತ್ತದೆ. ನಮಗೇನೂ ಆಗುವುದಿಲ್ಲ. ಹವಳದ ಟ್ಯಾಂಕಿಗೆ ಅದು ತುಂಬಾ ಜಾಸ್ತಿ.

ಇನ್ನೊಂದು ವಿಷಯ. ಟ್ಯಾಂಕಿನಿಂದ ಆವಿಯಾಗುವುದು ಬರೀ ನೀರು, ಅದರಲ್ಲಿ ಕರಗಿದ್ದೆಲ್ಲ ಅಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಹಾಕಿದರೆ ನಮ್ಮ ಟ್ಯಾಂಕಿನಿಂದ ದಿನಕ್ಕೆ ಎರಡು ಲೀಟರ್ ಹೋಗುತ್ತದೆ. ಆ ಜಾಗಕ್ಕೆ 420ರ ನೀರು ಸುರಿದರೆ ತಿಂಗಳಿಗೆ ಸುಮಾರು 25 ಗ್ರಾಂ ಬೇಡದ್ದು ಒಳಗೆ ಸೇರಿಕೊಳ್ಳುತ್ತದೆ. ನನಗೆ ಅದು ಕಂಡಿದ್ದು ಮರಳಿನ ಮೇಲೆ. ಮೊದಲು ಕಾಫಿಪುಡಿ ಉದುರಿಸಿದ ಹಾಗೆ ಕಂದು ಪಾಚಿ, ಆಮೇಲೆ ಕಲ್ಲಿನ ತುಂಬ ಹಸಿರು ಕೂದಲು. ಹಳೇ ಟೂತ್‌ಬ್ರಷ್ ಹಿಡಿದು ಪ್ರತಿ ಭಾನುವಾರ ಉಜ್ಜುತ್ತಿದ್ದೆ, ಬುಧವಾರದ ಹೊತ್ತಿಗೆ ಮತ್ತೆ ಬಂದಿರುತ್ತಿತ್ತು.

ಆಗ ಹೊಳೆದದ್ದು ಅಡುಗೆಮನೆ ಫಿಲ್ಟರ್. ನಿಜವಾಗಿ ಎಡವಿದ್ದು ಇಲ್ಲೇ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮನೆಯಲ್ಲಿ ಒಳ್ಳೇ ಆರ್‌ಒ ಇದೆ, ನಾವು ಅದನ್ನೇ ಕುಡಿಯುತ್ತೇವೆ, ಮೀನಿಗೂ ಅದೇ ಸಾಕಲ್ವಾ ಅಂದುಕೊಂಡೆ. ಮೀಟರ್ ಅದ್ದಿದರೆ 85. ಆರ್‌ಒ ಮೆಂಬ್ರೇನ್ (ನೀರು ಸೋಸುವ ಪೊರೆ) ಸರಿ ಇದ್ದರೆ 420 ಒಳಗೆ ಹೋಗಿ 15-20 ಆಗಿ ಹೊರಗೆ ಬರಬೇಕು. ಮೆಂಬ್ರೇನ್ ಹೋಗಿದೆ ಅಂದುಕೊಂಡು ಸರ್ವಿಸ್‌ನವರನ್ನು ಕರೆಸಿದೆ. ಬಂದ ಹುಡುಗ ಮುಚ್ಚಳ ತೆಗೆದು ಒಳಗಿನ ಒಂದು ಸಣ್ಣ ಸ್ಕ್ರೂ ತೋರಿಸಿದ. ಅದು ಟಿಡಿಎಸ್ ಕಂಟ್ರೋಲರ್. ಆರ್‌ಒ ನೀರು ತೀರಾ ಸಪ್ಪೆ ಆಗುತ್ತದೆ ಅಂತ, ಮೆಂಬ್ರೇನ್‌ಗೆ ಹೋಗದ ನೀರನ್ನು ಸ್ವಲ್ಪ ಅದರ ಜೊತೆ ಬೆರೆಸುತ್ತದೆ. ಅಂದರೆ ನಾನು ತಪ್ಪಿಸಬೇಕು ಅಂದುಕೊಂಡಿದ್ದ ನಲ್ಲಿ ನೀರೇ ಹಿಂದಿನ ಬಾಗಿಲಿನಿಂದ ಬರುತ್ತಿತ್ತು. ಸ್ಕ್ರೂ ಪೂರ್ತಿ ಮುಚ್ಚಿಸಿದೆ. 22ಕ್ಕೆ ಇಳಿಯಿತು. ಖುಷಿಯಾಯಿತು. ಮೂರು ತಿಂಗಳು ಅದನ್ನೇ ಹಾಕಿದೆ, ಪಾಚಿಯೂ ಕಡಿಮೆಯಾಯಿತು. ಆ ಧೈರ್ಯದಲ್ಲೇ 1,800 ರೂಪಾಯಿ ಕೊಟ್ಟು ಒಂದು ಕ್ಲೀನರ್ ಸಿಗಡಿ ತಂದೆ.

ಅದನ್ನು ನೋಡಿದವರಿಗೆ ಗೊತ್ತು. ಕೆಂಪು ಬೆನ್ನಿನ ಮೇಲೆ ಉದ್ದಕ್ಕೆ ಬಿಳಿ ಪಟ್ಟೆ, ಉದ್ದುದ್ದ ಬಿಳಿ ಮೀಸೆ. ಟ್ಯಾಂಕಿಗೆ ಕೈ ಹಾಕಿದರೆ ನಡೆದುಕೊಂಡು ಬಂದು ಬೆರಳಿನ ಮೇಲೆ ಹತ್ತಿ, ಉಗುರಿನ ಅಂಚನ್ನು ಪುಟ್ಟ ಕಾಲುಗಳಲ್ಲಿ ಕೆರೆದು ಸ್ವಚ್ಛ ಮಾಡುತ್ತದೆ. ಮಗಳು ಸ್ಕೂಲಿನಿಂದ ಬಂದ ತಕ್ಷಣ ಕೈ ತೊಳೆದು ಅದರ ಮುಂದೆ ನಿಲ್ಲುತ್ತಿದ್ದಳು. ಒಂಬತ್ತನೇ ದಿನ ಅದು ಕಲ್ಲಿನ ಬುಡದಲ್ಲಿ ಒಂದು ಮಗ್ಗುಲಾಗಿ ಬಿದ್ದಿತ್ತು, ಮೀಸೆ ಮಾತ್ರ ನೀರಿನ ಜೊತೆ ಅಲ್ಲಾಡುತ್ತಿತ್ತು. ಆ ವಾರವೇ ಎರಡು ಬಸವನಹುಳುವೂ ಹೋದವು. ಮೀನುಗಳಿಗೆ ಏನೂ ಆಗಿರಲಿಲ್ಲ.

ಮೀನು ಚೆನ್ನಾಗಿದ್ದು ಸಿಗಡಿ, ಬಸವನಹುಳು ಸಾಯುತ್ತಿದ್ದರೆ ಮೊದಲು ತಾಮ್ರದ ಮೇಲೆ ಅನುಮಾನಪಡಬೇಕು ಅಂತ ಆಮೇಲೆ ಗೊತ್ತಾಯಿತು. ಟೆಸ್ಟ್ ಕಿಟ್ ತಂದೆ. ಟ್ಯಾಂಕಿನ ನೀರಿನಲ್ಲಿ ತಾಮ್ರ ಲೀಟರಿಗೆ 0.15ರಿಂದ 0.2 ಮಿಲಿಗ್ರಾಂ ನಡುವೆ ಬಂತು. ಮೀನಿನ ಬಿಳಿಚುಕ್ಕೆ ರೋಗಕ್ಕೆ ಬೇರೆ ಟ್ಯಾಂಕಿನಲ್ಲಿಟ್ಟು ತಾಮ್ರದ ಔಷಧಿ ಕೊಡುವುದೂ ಹೆಚ್ಚುಕಡಿಮೆ ಇದೇ ಪ್ರಮಾಣದಲ್ಲಿ. ಸಿಗಡಿ ಇರುವ ಟ್ಯಾಂಕಿಗೆ ಅದನ್ನು ಯಾರೂ ಹಾಕುವುದಿಲ್ಲ. ಎಲ್ಲಿಂದ ಬಂತು ಅಂತ ಹುಡುಕಿದರೆ, ನಮ್ಮ ಫಿಲ್ಟರಿನ ಕೊನೆಯಲ್ಲೇ ಒಂದು ತಾಮ್ರದ ಕಾರ್ಟ್ರಿಜ್ ಇತ್ತು. ತಾಮ್ರದ ಚೊಂಬಿನ ನೀರು ಒಳ್ಳೆಯದು ಅಂತ ಅಜ್ಜಿ ಕಾಲದಿಂದ ಕೇಳಿ ಬೆಳೆದವರು ನಾವು, ಅದಕ್ಕೇ ತಾಮ್ರ ಇರುವ ಮಾಡೆಲ್ ಬೇಕು ಅಂತ ನಾನೇ ಆರಿಸಿ ತಂದಿದ್ದೆ. ಕುಡಿಯುವ ನೀರಿನಲ್ಲಿ 1.5 ಮಿಲಿಗ್ರಾಂವರೆಗೂ ತಾಮ್ರ ಇರಬಹುದು. ಅದರ ಹತ್ತನೇ ಒಂದು ಭಾಗ ಸಿಗಡಿಗೆ ವಿಷ. ಟಿಡಿಎಸ್ ಮೀಟರ್ ಇದನ್ನು ಹೇಳುವುದಿಲ್ಲ. 22 ಅಂತ ತೋರಿಸುತ್ತದೆ, ಆ 22ರಲ್ಲಿ ಏನಿದೆ ಅಂತ ತೋರಿಸುವುದಿಲ್ಲ.

ಟ್ಯಾಂಕಿನಿಂದ ತಾಮ್ರವನ್ನು ಹೊರಗೆ ಹಾಕಲು ನಾಲ್ಕು ತಿಂಗಳು ಬೇಕಾಯಿತು. ಕಲ್ಲು, ಮರಳು ತಾಮ್ರವನ್ನು ಹೀರಿಕೊಂಡು ಮತ್ತೆ ನಿಧಾನವಾಗಿ ಬಿಡುತ್ತವೆ. ಮರಳು ಪೂರ್ತಿ ಎಸೆದೆ.

ಕ್ಯಾನ್ ನೀರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟಿಡಿಎಸ್ ಒಂದು ಸಲ 35, ಇನ್ನೊಂದು ಸಲ 110, ಜೊತೆಗೆ 20 ಲೀಟರ್ ಹೊತ್ತು ಎರಡು ಮಹಡಿ ಹತ್ತಬೇಕು. ನಿಜವಾದ ಸಮುದ್ರದ ನೀರೇ ತರಬಹುದಲ್ಲ ಅನ್ನುವವರಿಗೆ, ಮಂಗಳೂರು ಇಲ್ಲಿಂದ 350 ಕಿಲೋಮೀಟರ್.

ಈಗ ಇರುವುದು ಪಂಪ್ ಸೇರಿ 6,800 ರೂಪಾಯಿ ಆದ ಯೂನಿಟ್. ಪಂಪ್ ಬೇಡ ಅಂತ ಉಳಿಸಲು ಹೋಗಬೇಡಿ. ಓವರ್‌ಹೆಡ್ ಟ್ಯಾಂಕ್ ನಮ್ಮ ನಲ್ಲಿಗಿಂತ ನಾಲ್ಕು ಮೀಟರ್ ಮೇಲಿದ್ದರೆ ಒತ್ತಡ ಬರುವುದು ಆರು ಪಿಎಸ್‌ಐ ಹತ್ತಿರ, ಮೆಂಬ್ರೇನ್‌ಗೆ ನಲವತ್ತಾದರೂ ಬೇಕು. ಮೆಂಬ್ರೇನ್ ದಾಟಿದ ನೀರು ಡಿಐ ರೆಸಿನ್‌ನಲ್ಲಿ ಹಾದು ಬರುತ್ತದೆ, ಮೀಟರ್ 0. ಖನಿಜ, ತಾಮ್ರ, ರುಚಿ ಅಂತ ಯಾವುದನ್ನೂ ಮತ್ತೆ ಸೇರಿಸುವುದಿಲ್ಲ. ವರ್ಷಕ್ಕೆ ಫಿಲ್ಟರ್, ರೆಸಿನ್ ಎಲ್ಲ ಸೇರಿ ನನಗೆ ನಾಲ್ಕೈದು ಸಾವಿರ ಬೀಳುತ್ತದೆ.

ಇದರಲ್ಲಿ ನನಗೆ ಬೇಜಾರಿನ ವಿಷಯ ಒಂದೇ, ಒಂದು ಲೀಟರ್ ಒಳ್ಳೇ ನೀರಿಗೆ ಮೂರು ಲೀಟರ್ ಆಚೆ ಹೋಗುತ್ತದೆ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದ ಊರು ಇದು. ತಿಂಗಳಿಗೆ 110 ಲೀಟರ್ ಬೇಕು, ಅಂದರೆ 330 ಲೀಟರ್ ಆಚೆಗೆ. ಅದಕ್ಕೆ ಪೈಪನ್ನು ಬಾತ್‌ರೂಮಿನ ಡ್ರಮ್ಮಿಗೆ ಬಿಟ್ಟಿದ್ದೇನೆ. ನೆಲ ಒರೆಸಲು, ಟಾಯ್ಲೆಟ್‌ಗೆ ಸುರಿಯಲು ಅದೇ ನೀರು. ಒಂದು ಬಕೆಟ್ ಕೂಡ ಸುಮ್ನೆ ಮೋರಿಗೆ ಹೋಗಲು ಬಿಡುವುದಿಲ್ಲ.

ಬರೀ ಕ್ಲೌನ್ ಮೀನು ಮಾತ್ರ ಸಾಕು, ಹವಳ ಬೇಡ, ಮನೆಗೆ ನೇರ ಕಾವೇರಿ ಲೈನ್ ಇದೆ ಅನ್ನುವವರು ಕ್ಲೋರಿನ್ ತೆಗೆದು ಅದನ್ನೇ ಬಳಸಬಹುದು. ವಾರಕ್ಕೊಮ್ಮೆ ಪಾಚಿ ಉಜ್ಜುವ ತಾಳ್ಮೆ ಇರಲಿ. ಬೋರ್‌ವೆಲ್, ಟ್ಯಾಂಕರ್ ನೀರಾದರೆ ಮೊದಲ ದಿನವೇ ಯೂನಿಟ್ ತೆಗೆದುಕೊಳ್ಳಿ, ಬೇಕಾದರೆ ಟ್ಯಾಂಕನ್ನೇ ಒಂದು ಸೈಜ್ ಚಿಕ್ಕದು ಮಾಡಿ. ಅಡುಗೆಮನೆ ಫಿಲ್ಟರ್ ನೀರು ಹಾಕಿಯೇ ಹಾಕುತ್ತೇನೆ ಅನ್ನುವವರು ಅದರ ಮುಚ್ಚಳ ತೆಗೆಸಿ, ಒಳಗೆ ತಾಮ್ರ ಇದೆಯಾ ನೋಡಿ.

ಹೊಸ ಸಿಗಡಿ ಬಂದು ಈಗ ಐದು ತಿಂಗಳು. ಹೋದ ವಾರ ಮತ್ತೆ ಪೊರೆ ಬಿಟ್ಟಿತು. ಡಿಐ ರೆಸಿನ್ ಕೆಳಗಿನಿಂದ ಅರ್ಧದವರೆಗೆ ಕಂದು ಬಣ್ಣಕ್ಕೆ ತಿರುಗಿದೆ, ಬದಲಿಸಬೇಕು.