ಹಳೆ ಯೆಜ್ಡಿಯ ಜೀಕೋವ್ ಕಾರ್ಬೊರೇಟರ್: ರಿಪೇರಿ ಮಾಡಿಸಿ ವರ್ಷಗಟ್ಟಲೆ ಓಡಿಸಿದ ಮೇಲೆ

ಮೊದಲು ತೀರ್ಮಾನ ಹೇಳಿಬಿಡುತ್ತೇನೆ. ನಿಮ್ಮ ಹತ್ತಿರ ಹಳೆ ಯೆಜ್ಡಿ ಅಥವಾ ಜಾವಾ ಬೈಕ್ ಇದೆಯಾ? ಗಾಳಿ, ಪೆಟ್ರೋಲ್ ಬೆರೆಸಿ ಇಂಜಿನ್‌ಗೆ ಕೊಡುವ ಅದರ ಅಸಲಿ ಜೀಕೋವ್ ಬ್ರ್ಯಾಂಡಿನ ಕಾರ್ಬೊರೇಟರ್‌ನ ಬಾಡಿ ಬಿರುಕು ಬಿಟ್ಟಿಲ್ಲ ಅಂದರೆ ಅದನ್ನು ಗುಜರಿಗೆ ಹಾಕಬೇಡಿ. ರಿಪೇರಿ ಮಾಡಿಸಿ. ನಾನು ಮಾಡಿಸಿ ಕೆಲವು ವರ್ಷ ಆಯಿತು. ದಾವಣಗೆರೆಯ ಬೇಸಿಗೆ, ಮಳೆ, ಊರೊಳಗಿನ ಟ್ರಾಫಿಕ್, ಹೈವೇ ಎಲ್ಲದರಲ್ಲೂ ಓಡಿಸಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಗಾಡಿ ಎಂಬತ್ತರ ದಶಕದ ಯೆಜ್ಡಿ 250. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಆ ಕಾರ್ಖಾನೆ 1996ರಲ್ಲಿ ನಿಂತಿತು. ಹಾಗಾಗಿ ಇವತ್ತು ಅಂಗಡಿಯಲ್ಲಿ ಹೊಸದು ಅಂತ ಕೊಡುವ ಕಾರ್ಬ್ ಹೆಚ್ಚಾಗಿ ನಕಲಿಯೇ. ಅಂಥದ್ದೊಂದನ್ನು ತರಿಸಿ ಹೋಲಿಸಿ ನೋಡಿದೆ. ಅಂಗಡಿಯ ಹೆಸರು ಬೇಡ. ಎರಕ ಒರಟಾಗಿತ್ತು, ಒಳಗಿನ ದಾರಿಯಲ್ಲಿ ಲೋಹದ ಚೂರು ಹಾಗೇ ಉಳಿದಿತ್ತು. ಸ್ಟಾರ್ಟ್ ಏನೋ ಆಗುತ್ತಿತ್ತು. ಆದರೆ ಅರ್ಧ ರೇಸ್‌ಗೆ ಬಂದರೆ ಇಂಜಿನ್ ಭಕಭಕ ಅನ್ನುತ್ತಿತ್ತು, ಪ್ಲಗ್ ಕಪ್ಪಗೆ ಒದ್ದೆಯಾಗುತ್ತಿತ್ತು. ಅದಕ್ಕಿಂತ ಸವೆದ ಜೀಕೋವೇ ಮೇಲು ಅನ್ನಿಸಿತು.

ಅಸಲಿ ಕಾರ್ಬ್‌ನಲ್ಲಿ ಇದ್ದ ತೊಂದರೆ ಎರಡು. ಬಿಸಿಯಾದ ಮೇಲೆ ಐಡ್ಲಿಂಗ್, ಅಂದರೆ ರೇಸ್ ಕೊಡದೆ ನಿಂತಾಗಿನ ಓಟ, ಒಂದೇ ಸಮ ಇರುತ್ತಿರಲಿಲ್ಲ. ಪಿ.ಬಿ. ರಸ್ತೆಯ ಸಿಗ್ನಲ್‌ನಲ್ಲಿ ಒಮ್ಮೆ ರೊಯ್ಯನೆ ಏರುವುದು, ಒಮ್ಮೆ ಟುಸ್ ಅಂತ ಆಫ್ ಆಗುವುದು. ಇನ್ನೊಂದು, ರಾತ್ರಿ ಟ್ಯಾಂಕ್‌ನ ಪೆಟ್ರೋಲ್ ಕಾಕ್ ಬಂದ್ ಮಾಡುವುದು ಮರೆತರೆ ಬೆಳಗ್ಗೆ ನೆಲದ ಮೇಲೆ ಪೆಟ್ರೋಲ್.

ಓವರ್‌ಫ್ಲೋ ಅಂದ ತಕ್ಷಣ ಎಲ್ಲರೂ ಫ್ಲೋಟ್ ಪಿನ್, ಅಂದರೆ ಪೆಟ್ರೋಲ್ ಒಳಬರುವ ದಾರಿ ಮುಚ್ಚುವ ಪಿನ್, ಬದಲಿಸುತ್ತಾರೆ. ಬದಲಿಸಲಿ, ಆದರೆ ಅದಕ್ಕೂ ಮುಂಚೆ ಪೆಟ್ರೋಲ್ ಮೇಲೆ ತೇಲಿ ಆ ಪಿನ್ ಮುಚ್ಚಿಸುವ ಫ್ಲೋಟ್ ಕೈಗೆ ತಗೊಂಡು ಕಿವಿ ಹತ್ತಿರ ಅಲುಗಾಡಿಸಿ ನೋಡಿ. ನನ್ನದರಲ್ಲಿ ಒಳಗೆ ಪೆಟ್ರೋಲ್ ಕುಲುಕುವುದು ಕೇಳಿಸುತ್ತಿತ್ತು. ಹಿತ್ತಾಳೆ ಫ್ಲೋಟ್‌ಗೆ ಎಲ್ಲೋ ಸೂಜಿಮೊನೆಯಷ್ಟು ತೂತು ಬಿದ್ದಿತ್ತು. ತೂತು ಬಿದ್ದ ಫ್ಲೋಟ್ ತೇಲುವುದಿಲ್ಲ. ತೇಲದಿದ್ದರೆ ಪಿನ್ ಮುಚ್ಚುವುದಿಲ್ಲ, ಎಷ್ಟು ಹೊಸ ಪಿನ್ ಹಾಕಿದರೂ ಅಷ್ಟೇ. ತೂತು ಹುಡುಕುವುದು ಸುಲಭ. ಒಂದು ಪಾತ್ರೆಯಲ್ಲಿ ಬಿಸಿನೀರು ತಗೊಂಡು, ಬೆಂಕಿಯಿಂದ ದೂರ ಇಟ್ಟು, ಫ್ಲೋಟ್ ಮುಳುಗಿಸಬೇಕು. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ನಮ್ಮದರಲ್ಲಿ ಜೋಡಣೆಯ ಅಂಚಿನಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಸಾಲಾಗಿ ಎದ್ದವು. ಅಲ್ಲೇ ಮೊಳೆಯಿಂದ ಗುರುತು ಹಾಕಿಕೊಂಡೆವು.

ಬೆಸುಗೆ ಹಾಕುವ ಮುಂಚೆ ಒಳಗಿನ ಪೆಟ್ರೋಲ್ ಪೂರ್ತಿ ಹೋಗಿರಬೇಕು, ಇಲ್ಲದಿದ್ದರೆ ಅಪಾಯ. ಇನ್ನೊಂದು ವಿಷಯ, ಸೀಸ ಎಷ್ಟು ಕಡಿಮೆ ಆದರೆ ಅಷ್ಟು ಒಳ್ಳೆಯದು. ಜಾಸ್ತಿ ಸುರಿದರೆ ಫ್ಲೋಟ್ ಭಾರವಾಗಿ ಕೆಳಗೆ ಕೂರುತ್ತದೆ. ಆಗ ಪೆಟ್ರೋಲ್ ಮಟ್ಟ ಮೇಲೇರಿ ಗಾಡಿ ಎಲ್ಲ ರೇಸ್‌ನಲ್ಲೂ ರಿಚ್ ಆಗಿ, ಅಂದರೆ ಪೆಟ್ರೋಲ್ ಜಾಸ್ತಿಯಾಗಿ, ಓಡುತ್ತದೆ. ನಮ್ಮ ಗ್ಯಾರೇಜಿನ ಅಣ್ಣ ಹಾಕಿದ ಬೆಸುಗೆಯನ್ನು ಅರದಿಂದ ಸವರಿ ತೆಳ್ಳಗೆ ಮಾಡಿದರು. ಅದು ಇವತ್ತಿಗೂ ಹಿಡಿದಿದೆ.

ಐಡ್ಲಿಂಗ್ ಸಮಸ್ಯೆಯ ಬೇರು ಬೇರೆ ಕಡೆ ಇತ್ತು. ರೇಸ್ ಕೊಟ್ಟಂತೆ ಮೇಲೆ ಸರಿದು ಗಾಳಿಯ ದಾರಿ ತೆರೆಯುವ ಸ್ಲೈಡ್ ಸವೆದು ಬಾಡಿಯೊಳಗೆ ಲಟಲಟ ಅನ್ನುತ್ತಿತ್ತು. ಪಕ್ಕದಿಂದ ಗಾಳಿ ನುಗ್ಗಿದರೆ ಯಾವ ಸ್ಕ್ರೂ ತಿರುಗಿಸಿ ಏನು ಪ್ರಯೋಜನ? ಇಲ್ಲಿ ನಮ್ಮ ಸೀಮೆಯವರಿಗೆ ಒಂದು ಅನುಕೂಲ ಇದೆ. ಹರಿಹರ ಪಕ್ಕದಲ್ಲೇ ಇದೆ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ತಯಾರಿಸುತ್ತಿದ್ದ ಊರು ಅದು. ಕಾರ್ಖಾನೆ ಮುಚ್ಚಿದರೂ ಕೈಗೆ ಆ ಕೆಲಸ ಹತ್ತಿದವರು ಇನ್ನೂ ಇದ್ದಾರೆ. ಅಂಥ ಒಬ್ಬ ಹಿರಿಯ ಟರ್ನರ್ ಹತ್ತಿರ ಹೋಗಿ, “ಯಜಮಾನ್ರೇ, ಇದು ರಿಪೇರಿ ಆಗುತ್ತಾ, ಹೊಸದೇ ತಗೋಬೇಕಾ?” ಅಂತ ಕೇಳಿದೆ. ಅವರು ಸ್ಲೈಡ್ ಹಾಕಿ ಎರಡು ಸಲ ಅಲ್ಲಾಡಿಸಿ, “ಬಾಡಿ ಗಟ್ಟಿ ಐತಲ್ಲಪ್ಪಾ, ಹೊಸದು ಯಾಕೆ?” ಅಂದರು.

ಬಾಡಿಯ ಒಳಭಾಗ ಒಂದು ಕಡೆ ಸವೆದು ದುಂಡಗೆ ಉಳಿದಿರಲಿಲ್ಲ. ಅದನ್ನು ಸ್ವಲ್ಪವೇ ಸ್ವಲ್ಪ ಕೆರೆದು ದುಂಡು ಮಾಡಿ, ಆ ಅಳತೆಗೆ ಹಿತ್ತಾಳೆಯಲ್ಲಿ ಹೊಸ ಸ್ಲೈಡ್ ಕಡೆದುಕೊಟ್ಟರು. ಸ್ಲೈಡ್‌ನ ಕೆಳಗಿನ ಓರೆ ಕಟ್ ಹಳೆಯದರ ಅಳತೆಗೇ ಇರಬೇಕು, ಇದನ್ನು ಬಿಡಿಸಿ ಹೇಳಿ. ರೇಸ್ ತೆಗೆಯಲು ಶುರು ಮಾಡಿದಾಗ ಗಾಳಿ, ಪೆಟ್ರೋಲ್ ಎಷ್ಟೆಷ್ಟು ಸೇರಬೇಕು ಅನ್ನುವುದರಲ್ಲಿ ಆ ಓರೆಯ ಪಾತ್ರ ದೊಡ್ಡದು. ಹೊಸ ಸ್ಲೈಡನ್ನು ಒಣ ಬಾಡಿಯೊಳಗೆ ಬಿಟ್ಟರೆ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿಯಿತು, ಎಲ್ಲೂ ಹಿಡಿಯಲಿಲ್ಲ. ಅಷ್ಟು ಚೊಕ್ಕ ಕೆಲಸ. ಈ ರಿಪೇರಿಯಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದೇ.

ರಿಪೇರಿ ಕಿಟ್ ಬಗ್ಗೆ ಅಷ್ಟು ಒಳ್ಳೆ ಮಾತಿಲ್ಲ. ಪ್ಯಾಕಿಂಗ್‌ಗಳು ಪರವಾಗಿಲ್ಲ. ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್‌ಗಳನ್ನು ನಂಬಬೇಡಿ, ಮೇಲೆ ಬರೆದ ನಂಬರಿಗೂ ತೂತಿಗೂ ತಾಳೆಯಾಗಲಿಲ್ಲ. ಹಳೆ ಅಸಲಿ ಜೆಟ್‌ಗಳನ್ನೇ ತೊಳೆದು ಹಾಕಿದೆವು. ತೊಳೆಯುವಾಗ ತಂತಿ ತೂರಿಸುವವರನ್ನು ಅಲ್ಲೇ ತಡೆಯಿರಿ. ಹಿತ್ತಾಳೆ ಮೆದು, ತೂತು ದೊಡ್ಡದಾದರೆ ಮತ್ತೆ ಚಿಕ್ಕದಾಗುವುದಿಲ್ಲ. ಕಾರ್ಬ್ ಕ್ಲೀನರ್ ಸ್ಪ್ರೇ ಮತ್ತು ಏರ್ ಸಾಕು. ಕಾರ್ಬ್ ಇಂಜಿನ್‌ಗೆ ಕೂರುವ ಮುಖವನ್ನೂ ನೋಡಿ. ನಟ್ ಬಿಗಿದು ಬಿಗಿದು ಅದು ಬಾಗಿರುತ್ತದೆ. ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಇಟ್ಟು ಉಜ್ಜಿದರೆ ಸಪಾಟಾಗುತ್ತದೆ.

ಟ್ಯೂನಿಂಗ್‌ಗೆ ಚಿತ್ರದುರ್ಗದ ಹೈವೇ ಹೇಳಿ ಮಾಡಿಸಿದಂತಿದೆ. ಭರಮಸಾಗರ ದಾಟಿದ ಮೇಲೆ ಒಂದೇ ರೇಸ್‌ನಲ್ಲಿ ಸ್ವಲ್ಪ ದೂರ ಹೋಗಿ, ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಬೇಕು. ಕಂದು ಬಣ್ಣ ಇದ್ದರೆ ಸರಿ. ಬೆಳ್ಳಗಿದ್ದರೆ ಲೀನ್, ಅಂದರೆ ಪೆಟ್ರೋಲ್ ಕಡಿಮೆ, ಅದನ್ನು ಹಾಗೇ ಓಡಿಸಬೇಡಿ. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದೇ ಪೆಟ್ರೋಲ್ ಜೊತೆ. ಪೆಟ್ರೋಲ್ ಕಡಿಮೆಯಾದರೆ ಬಿಸಿಯೂ ಏರುತ್ತದೆ, ಆಯಿಲ್ ಕೂಡ ಕಡಿಮೆಯಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಪಿಸ್ಟನ್ ಸೀಜ್ ಆಗಲು (ಸಿಲಿಂಡರ್‌ನಲ್ಲಿ ಕಚ್ಚಿಕೊಳ್ಳಲು) ಅಷ್ಟು ಸಾಕು. ಅರ್ಧ ರೇಸ್‌ನಲ್ಲಿ ಬಣ್ಣ ತಪ್ಪಿದ್ದರೆ ಸ್ಲೈಡ್‌ಗೆ ತೂಗುವ ಸೂಜಿ, ಅಂದರೆ ನೀಡಲ್‌ನ ಕ್ಲಿಪ್ ಸರಿಸಬೇಕು, ಫುಲ್ ರೇಸ್‌ನಲ್ಲಿ ತಪ್ಪಿದ್ದರೆ ಮೇನ್ ಜೆಟ್. ಐಡ್ಲಿಂಗ್ ಸ್ಕ್ರೂಗೂ ಇವಕ್ಕೂ ಸಂಬಂಧ ಇಲ್ಲ. ಎಲ್ಲ ರೋಗಕ್ಕೂ ಆ ಒಂದು ಸ್ಕ್ರೂ ತಿರುಗಿಸುವ ಮೆಕ್ಯಾನಿಕ್ ಸಿಕ್ಕರೆ ಗಾಡಿ ವಾಪಸ್ ತಗೊಂಡು ಬನ್ನಿ.

ಈಗಿನ ಇ20, ಅಂದರೆ ಶೇ 20ರವರೆಗೆ ಎಥೆನಾಲ್ ಬೆರೆಸಿದ ಪೆಟ್ರೋಲ್, ಲೆಕ್ಕವನ್ನು ಸ್ವಲ್ಪ ಬದಲಿಸಿದೆ. ಒಂದು ಕೆಜಿ ಪೆಟ್ರೋಲ್ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು, ಎಥೆನಾಲ್‌ಗೆ ಸುಮಾರು 9 ಕೆಜಿ ಸಾಕು. ಅಂದರೆ ಅಷ್ಟೇ ಗಾಳಿಗೆ ಇ20 ಜಾಸ್ತಿ ಬೇಕು. ಹಳೆ ಜೆಟ್ ಅಷ್ಟು ಕೊಡುವುದಿಲ್ಲ, ಮಿಕ್ಸ್ಚರ್ ಲೀನ್ ಆಗುತ್ತದೆ. ನಾನು ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿಸಿದೆ, ನೀಡಲ್ ಒಂದು ಮೆಟ್ಟಿಲು ಮೇಲೆತ್ತಿದೆ. ಪ್ಲಗ್ ಮತ್ತೆ ಕಂದು ಬಣ್ಣಕ್ಕೆ ಬಂತು. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಗಾಡಿ ಸುಮ್ನೆ ನಿಂತಿದ್ದರೆ ಕಾರ್ಬ್‌ನಲ್ಲಿ ಪೆಟ್ರೋಲ್ ನಿಲ್ಲುವ ಬೌಲ್‌ನ ತಳದಲ್ಲಿ ಬಿಳಿ ಪುಡಿ ಕಟ್ಟುತ್ತದೆ, ಟ್ಯಾಂಕ್‌ನಿಂದ ತುಕ್ಕು ಇಳಿಯುತ್ತದೆ. ವಾರಗಟ್ಟಲೆ ನಿಲ್ಲಿಸುವುದಿದ್ದರೆ ಬೌಲ್ ಖಾಲಿ ಮಾಡಿಯೇ ನಿಲ್ಲಿಸುತ್ತೇನೆ. ಪೈಪ್ ಕೂಡ ಇ20 ತಡೆಯುವಂಥದ್ದು ಹಾಕಿಸಿ. ಹಳೆ ರಬ್ಬರ್ ಪೈಪ್ ಮೆತ್ತಗಾಗಿ ಒಳಗಿಂದ ಕರಿ ಚೂರು ಬಿಡುತ್ತಿತ್ತು.

ಇಷ್ಟು ವರ್ಷದಲ್ಲಿ ಕಂಡ ಕೊರತೆ ಹೇಳಬೇಕು. ಕಿಟ್‌ನಲ್ಲಿ ಬಂದ ಫ್ಲೋಟ್ ಪಿನ್ ಬೇಗ ಸವೆದು ಮತ್ತೆ ಒಸರಲು ಶುರುವಾಯಿತು. ಹಳೆ ಸ್ಟಾಕ್‌ನ ಪಿನ್ ಹುಡುಕಿ ಹಾಕಿದ ಮೇಲೆ ನಿಂತಿತು. ಮೈಲೇಜ್ ಏನೂ ಏರಲಿಲ್ಲ, ಇ20 ಬಂದ ಮೇಲೆ ಸ್ವಲ್ಪ ಇಳಿದಿದೆ ಕೂಡ. ಆದರೆ ಬೆಳಗ್ಗೆ ಟಿಕ್ಲರ್ (ಕಾರ್ಬ್‌ಗೆ ಜಾಸ್ತಿ ಪೆಟ್ರೋಲ್ ಬಿಡುವ ಗುಂಡಿ) ಒತ್ತಿ, ಈ ಗಾಡಿಯಲ್ಲಿ ಕಿಕ್ಕರ್ ಕೂಡ ಆಗಿರುವ ಗೇರ್ ಲಿವರ್ ಮೇಲೆತ್ತಿ ಕಿಕ್ ಹೊಡೆದರೆ ಗಾಡಿ ಹಿಡಿದುಕೊಳ್ಳುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಡುಗುಡುಗು ಒಂದೇ ಸಮ ಇರುತ್ತದೆ. ಲೇತ್ ಕೆಲಸ, ಕಿಟ್, ಮಜೂರಿ ಸೇರಿ ಆದ ಖರ್ಚು ನಕಲಿ ಕಾರ್ಬ್‌ನ ಬೆಲೆಗಿಂತ ಸ್ವಲ್ಪ ಜಾಸ್ತಿ. ಕೊಟ್ಟ ಪ್ರತಿ ರೂಪಾಯಿಗೂ ಬೆಲೆ ಸಿಕ್ಕಿದೆ.

ರಿಪೇರಿಗೆ ಕೊಡುವ ಮುಂಚೆ ಕ್ರ್ಯಾಂಕ್‌ನ ಆಯಿಲ್ ಸೀಲ್ ಒಮ್ಮೆ ನೋಡಿಸಿ. ಅದು ಹೋಗಿದ್ದರೂ ಗಾಳಿ ಎಳೆದು ಐಡ್ಲಿಂಗ್ ಹೀಗೇ ಕುಣಿಯುತ್ತದೆ, ಬೈಗುಳ ಮಾತ್ರ ಕಾರ್ಬೊರೇಟರ್‌ಗೆ. ಸೀಲ್ ಸರಿ ಇದ್ದರೆ ಕಾರ್ಬ್ ಬಿಚ್ಚಿ. ಬಿಚ್ಚಿದಾಗ ಅಸಲಿ ಜೆಟ್, ನೀಡಲ್, ಹಳೆ ಸ್ಲೈಡ್ ಯಾವುದನ್ನೂ ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಮುಂದೆ ಅಳತೆಗೆ ಅವೇ ಬೇಕಾಗುತ್ತವೆ.